ಆಫ್ ಅಂದಿದ್ದೆನೇ?

ಕಾರಿನಿಂದ ಇಳಿಯುವಾಗ ‘ಆಫ್’ ಎಂದು ಬಾಯಿಬಿಟ್ಟು ಹೇಳಬೇಕೆಂದು ನಮ್ಮ ಮನೆಯಲ್ಲಿ ನಿಯಮ ಮಾಡಿದವಳು ನಾನೇ. ಗುಂಡಿ ಒತ್ತಬೇಕು, ಸ್ಟಿಯರಿಂಗಿನ ಹಿಂದಿನ ಪರದೆ ಕಪ್ಪಾದದ್ದನ್ನು ಕಣ್ಣಾರೆ ನೋಡಬೇಕು, ಆಮೇಲೆ ಹೇಳಬೇಕು. ನನ್ನ ಗಂಡ ಹಾಜರಿ ಕೂಗಿದಾಗ ಉತ್ತರಿಸುವ ಶಾಲಾ ಹುಡುಗನ ದನಿಯಲ್ಲಿ ಹೇಳುತ್ತಿದ್ದರು. ಅತ್ತೆ ಕಾರು ಓಡಿಸುವವರಲ್ಲ. ಆದರೂ ಇಳಿಯುವಾಗ “ನಾನೂ ಆಫ್” ಎಂದು ನಗುತ್ತಿದ್ದರು.

ನಿಯಮಕ್ಕೆ ಕಾರಣವಿತ್ತು. ನಮ್ಮದು ಪ್ಲಗ್-ಇನ್ ಹೈಬ್ರಿಡ್ ಕಾರು, ಇನ್ನೊಬ್ಬರು ಬಳಸಿ ಮಾರಿದ್ದು, ಹಳೆಯ ಮಾದರಿ. ಗೋಡೆಯ ಸಾಕೆಟ್ಟಿಗೆ ಚುಚ್ಚಿ ಚಾರ್ಜ್ ಮಾಡಿದರೆ ಮೂವತ್ತೈದು ಕಿಲೋಮೀಟರ್ ಬ್ಯಾಟರಿಯಲ್ಲಿ ಓಡುತ್ತದೆ. ಬ್ಯಾಟರಿ ಇಳಿದರೆ ಪೆಟ್ರೋಲ್ ಎಂಜಿನ್ ತಾನಾಗಿ ಶುರುವಾಗುತ್ತದೆ. ಬ್ಯಾಟರಿಯಲ್ಲಿರುವಾಗ ಸದ್ದೇ ಇಲ್ಲ. ನಿಲ್ಲಿಸಿದ ಕಾರು ಆನ್ ಇದೆಯೋ ಆಫ್ ಆಗಿದೆಯೋ ಪರದೆ ನೋಡದೆ ತಿಳಿಯುವುದಿಲ್ಲ. ಮರೆತು ಇಳಿದರೆ ತಾನೇ ಆರಿಕೊಳ್ಳುವ ಏರ್ಪಾಡು ಈ ಮಾದರಿಯಲ್ಲಿ ಇಲ್ಲ.

“ಇದು ಇಬ್ಬರು ಹೆಂಡಿರ ಗಂಡ ಮೇಡಂ,” ಎಂದಿದ್ದ ನಮ್ಮ ಬೀದಿಯ ಕೊನೆಯಲ್ಲಿರುವ ಮೆಕ್ಯಾನಿಕ್. “ಮೊದಲನೆಯವಳು ಸುಸ್ತಾದ್ರೆ ಎರಡನೆಯವಳು ಹೇಳದೆ ಕೇಳದೆ ಎದ್ದು ಬರ್ತಾಳೆ. ಇಬ್ಬರನ್ನೂ ಮಾತಾಡಿಸ್ತಾ ಇರಬೇಕು.”

ಹಾಗಾಗಿ ತಿಂಗಳಿಗೊಮ್ಮೆ, ಟ್ಯಾಂಕಿನ ಪೆಟ್ರೋಲ್ ಹಳಸಬಾರದೆಂದು, ಎಂಜಿನ್ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದೆ. ಪ್ರತಿ ಸಂಜೆ ಚಾರ್ಜಿಗೆ ಹಾಕಿ ಅರ್ಧ ಗಂಟೆಯಾದ ಮೇಲೆ ಕೆಳಗಿಳಿದು, ಪ್ಲಗ್ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಕೈಪಿಡಿಯ ನಾನೂರು ಪುಟವನ್ನೂ ಪೆನ್ಸಿಲ್ ಹಿಡಿದು ಓದಿದ್ದೆ. “ಡಾಕ್ಟರೇಟ್ ಯಾವಾಗ ಕೊಡ್ತಾರಂತೆ?” ಎಂದು ಗಂಡ ಕೇಳುತ್ತಿದ್ದರು.

ಅಂದು ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಅರ್ಧ ದಿನ ರಜೆ ಹಾಕಿದ್ದೆ. ಅವರ ಕಣ್ಣಿಗೆ ಹನಿ ಬಿಟ್ಟು ಪಾಪೆ ಅಗಲಿಸಿದ್ದರು. ಬೆಳಕು ಕಂಡರೆ ಮುಖ ಕಿವುಚುತ್ತಿದ್ದರು. ಹೊರಗೆ ಬಿಸಿಗಾಳಿ, ಧೂಳು. ಗ್ಯಾರೇಜಿನೊಳಗೆ ಕಾರು ತಂದು ನಿಲ್ಲಿಸಿದಾಗ ಹನ್ನೆರಡೂವರೆ. ಕಣ್ಣಿಗೆ ಧೂಳು ಹೊಡೆಯಬಾರದೆಂದು ಅವರನ್ನು ಎಸಿಯಲ್ಲೇ ಕೂರಿಸಿ, ಮೊದಲು ನಾನಿಳಿದು ಶಟರ್ ಎಳೆದು ಒಳಗಿನಿಂದ ಚಿಲಕ ಹಾಕಿದೆ. ಆಮೇಲೆ ಅವರ ಎರಡೂ ಕೈ ಹಿಡಿದು ಇಳಿಸಿ, ಕಾಲಿನಿಂದಲೇ ಕಾರಿನ ಬಾಗಿಲು ತಳ್ಳಿ, ಒಳಬಾಗಿಲಿನಿಂದ ಮೆಟ್ಟಿಲು ಹತ್ತಿಸಿದೆ. ಅವರ ಕೋಣೆ ಗ್ಯಾರೇಜಿನ ನೆತ್ತಿಯ ಮೇಲೇ ಇದೆ.

ಹಿಂದೆ ಎಲ್ಲೋ ಮೂರು ಸಲ ಪೀಂ ಎಂದಿತು. ಅತ್ತೆಯ ಶ್ರವಣಯಂತ್ರ ಆಗಾಗ ಹಾಗೆ ಸಿಳ್ಳೆ ಹಾಕುತ್ತದೆ. ಅದೇ ಇರಬೇಕೆಂದುಕೊಂಡೆ.

“ಕಿಟಕಿ ಮುಚ್ಚೇ, ಕಣ್ಣು ಬಿಡೋಕಾಗ್ತಿಲ್ಲ,” ಎಂದರು. ಮುಚ್ಚಿದೆ. ಶ್ರವಣಯಂತ್ರ ತೆಗೆದು ಡಬ್ಬಿಯಲ್ಲಿಟ್ಟೆ. ನೀರು ಕೊಡುವಷ್ಟರಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಿಂದ ಫೋನ್: ತಪಾಸಣೆಗೆ ಬರುವವರು ನಾಳೆಯ ಬದಲು ಇವತ್ತೇ ಬಂದಿದ್ದಾರೆ. ಮುಂಬಾಗಿಲಿಗೆ ಬೀಗ ಹಾಕಿ ಬಸ್ಸಿಗೆ ಓಡಿದೆ.

ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ, ತಪಾಸಣೆಯವರು ಅತ್ತ ಹೋದ ಮೇಲೆ, ಕನ್ನಡಕಕ್ಕಾಗಿ ಚೀಲಕ್ಕೆ ಕೈಹಾಕಿದೆ. ಕಾರಿನ ಕೀ ಬೆರಳಿಗೆ ತಗುಲಿತು.

ಆಫ್ ಅಂದಿದ್ದೆನೇ?

ನಿನ್ನೆ ಅಂದದ್ದು ನೆನಪಾಯಿತು. ಮೊನ್ನೆಯದೂ. ಇವತ್ತಿನದು ಎಷ್ಟು ತಡಕಿದರೂ ಸಿಗಲಿಲ್ಲ. ಶಟರ್ ಎಳೆದದ್ದು ನೆನಪಿದೆ, ಅತ್ತೆಯ ಒದ್ದೆ ಅಂಗೈ ನೆನಪಿದೆ. “ನಾನೂ ಆಫ್” ಎಂದು ಅವರು ನಕ್ಕದ್ದು ನೆನಪಿಲ್ಲ. ಆಗ ಆ ಮೂರು ಪೀಂ ನೆನಪಾಯಿತು. ಕೈಪಿಡಿಯಲ್ಲಿ ನಾನೇ ಅಡಿಗೆರೆ ಎಳೆದ ಸಾಲು: ಕಾರು ಆನ್ ಇದ್ದು, ಕೀ ಹೊರಗೆ ಹೋದರೆ ಮೂರು ಸಲ ಸದ್ದಾಗುತ್ತದೆ.

ಕೈಗೆ ಸಿಕ್ಕ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಮನೆ ಮುಟ್ಟಿದಾಗ ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇತ್ತು. ನಿಂತಲ್ಲೇ ಎಸಿ ಓಡಿದರೆ ಎರಡೂವರೆ ಗಂಟೆ ಬಂದೀತು. ಹನ್ನೆರಡೂವರೆಗೆ ಎರಡೂವರೆ ಕೂಡಿಸಿದೆ. ಮೂರು. ಗೋಡೆಯ ಗಡಿಯಾರ ನೋಡಿದೆ. ಎರಡನೆಯವಳು ಎದ್ದು ಹತ್ತು ನಿಮಿಷವಾಗಿದೆ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ಉಗುಳುತ್ತಿದ್ದಾಳೆ. ಎರಡೂ ಕೈಯಲ್ಲಿ ಅತ್ತೆಯನ್ನು ಹಿಡಿದು ಹತ್ತಿದವಳು ನಾನು, ಒಳಬಾಗಿಲು ಮುಚ್ಚಿರಲಾರೆ.

ಮನೆಗೆ ಫೋನ್ ಮಾಡಿದೆ. ಅದು ಹೊಡೆದುಕೊಂಡೇ ಇತ್ತು. ಯಂತ್ರವಿಲ್ಲದೆ ಅವರಿಗೆ ತಮಟೆ ಬಡಿದರೂ ಕೇಳುವುದಿಲ್ಲ.

ಗಂಡನಿಗೆ ಮಾಡಿದೆ. ಅವರ ಟೈಲ್ಸ್ ಅಂಗಡಿ ಮನೆಯಿಂದ ಹತ್ತು ನಿಮಿಷದ ದಾರಿ.

“ರೀ, ಕಾರು ಆಫ್ ಮಾಡಿಲ್ಲ ಅನ್ಸುತ್ತೆ.”

“ಸೋಮವಾರ ಇಸ್ತ್ರಿಪೆಟ್ಟಿಗೆ. ಬುಧವಾರ ಗ್ಯಾಸು. ಇವತ್ತಿನ ಪಾಳಿ ಕಾರಿಂದಾ?”

“ಶಟರ್ ಹಾಕಿದೆ. ಅತ್ತೆ ಮೇಲೆ ಮಲಗಿದಾರೆ. ಹೊಗೆ—”

“ಕರೆಂಟಲ್ಲಿ ಓಡೋ ಕಾರಿಗೆ ಎಲ್ಲಿಯ ಹೊಗೆ, ಮಹಾತಾಯಿ?”

“ಅರ್ಧ ಮಾತ್ರ ಕರೆಂಟು.”

“ನೋಡು, ಎದುರಿಗೆ ಗಿರಾಕಿ ಕೂತಿದಾರೆ. ಅರ್ಧ ಗಂಟೆ ಕೊಡು, ಹೋಗಿ ನೋಡ್ತೀನಿ. ನೀರು ಕುಡಿ.”

ಅವರನ್ನು ದೂರುವಂತಿಲ್ಲ. ಬುಧವಾರ ಅವರು ಊಟ ಬಿಟ್ಟು ಓಡಿಹೋಗಿ ನೋಡಿದಾಗ ಗ್ಯಾಸ್ ಭದ್ರವಾಗಿ ಮುಚ್ಚಿತ್ತು.

ಟ್ಯಾಕ್ಸಿ ಹತ್ತಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ನಗಲಿಲ್ಲ. “ಬ್ಯಾಟರಿ ಎಷ್ಟಿತ್ತು?” ಎಂದ. ಹೇಳಿದೆ. “ಎಸಿ?” ಇತ್ತು ಎಂದೆ. ಅವನ ಚಪ್ಪಲಿಯ ಪಟಪಟ ಸದ್ದು ಫೋನಿನಲ್ಲೇ ಕೇಳತೊಡಗಿತು. ಓಡುತ್ತಿದ್ದ.

ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಿತು. ಕೆಂಪು ದೀಪದ ಪಕ್ಕದ ಅಂಕಿ ಅರವತ್ತರಿಂದ ಇಳಿಯುತ್ತಿತ್ತು. ಫೋನನ್ನು ಕಿವಿಗೆ ಎಷ್ಟು ಒತ್ತಿಕೊಂಡಿದ್ದೆನೆಂದರೆ ಕಿವಿ ನೋಯುತ್ತಿತ್ತು.

“ಮೇಡಂ.” ಅವನಿಗೆ ಏದುಸಿರು. “ಶಟರ್ ಮೇಲೆ ಕೈ ಇಟ್ಟಿದೀನಿ. ನಡುಗ್ತಿದೆ. ಎಂಜಿನ್ ಓಡ್ತಿದೆ.”

“ಅತ್ತೆ ಮೇಲೆ ಒಬ್ಬರೇ ಇದಾರೆ,” ಎಂದೆ.

“ಮುಂಬಾಗಿಲು ಬೀಗ. ಅಜ್ಜಿ ಕೋಣೆ ಯಾವುದು, ಬೀದಿ ಕಡೆದಾ? ಕಿಟಕಿ ಮುಚ್ಚಿದೆ. ಒಡೀಲಾ?”

“ಒಡೀರಿ.”

“ಗಾಜು ಅವರ ಮೇಲೆ ಬಿದ್ರೆ?”

“ಮಂಚ ಆಚೆ ಗೋಡೆಗಿದೆ. ಒಡೀರಿ.”

ಗಾಜು ಒಡೆದ ಸದ್ದು ಕೇಳಿತು. ನಂತರ ಇನ್ನೊಂದು.

“ಎರಡು ಸ್ಪ್ಯಾನರ್ ಎಸೆದೆ, ಒಳಗೆ ಹೋಯ್ತು,” ಎಂದ. “ಅಜ್ಜಿ ಏಳ್ಲಿಲ್ಲ ಮೇಡಂ. ನಾನು ಶಟರಿಗೆ ಜಾಕ್ ಕೊಡ್ತೀನಿ. ನೀವು ಬನ್ನಿ.”

ದೀಪದ ಅಂಕಿ ಇನ್ನೂ ಇಪ್ಪತ್ತೆರಡರಲ್ಲಿತ್ತು.

ನಾನು ತಲುಪುವಷ್ಟರಲ್ಲಿ ಅವನು ಶಟರಿನ ತುದಿಗೆ ಕಾರೆತ್ತುವ ಜಾಕ್ ಕೊಟ್ಟು, ತಗಡನ್ನು ಮಂಡಿಯೆತ್ತರಕ್ಕೆ ಬಗ್ಗಿಸಿದ್ದ. ಅದರಡಿಯಿಂದ ಬಿಸಿ ಗಾಳಿ ಕಾಲಿಗೆ ಬಡಿಯಿತು. ಕಾರಿನ ಕೀ ಅವನ ಕೈಗೆಸೆದು ನಾನು ಮುಂಬಾಗಿಲು ತೆರೆದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದೆ. ಒಳಬಾಗಿಲು ನಾನೆಣಿಸಿದಂತೆಯೇ ಹಾರುಹೊಡೆದಿತ್ತು.

ಕೋಣೆಯಲ್ಲಿ ಹೊಗೆ ಕಾಣಲಿಲ್ಲ. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಆ ವಿಷಾನಿಲಕ್ಕೇ ನಾನು ಹೆದರಿದ್ದು. ಒಡೆದ ಕಿಟಕಿಯ ಪರದೆ ಮೆಲ್ಲಗೆ ಆಡುತ್ತಿತ್ತು. ಅತ್ತೆ ಗೋಡೆಯ ಕಡೆ ಮಗ್ಗುಲಾಗಿ, ದಿನಾ ಮಲಗುವ ಹಾಗೆ, ಒಂದು ಕೈ ಕೆನ್ನೆಯಡಿ ಇಟ್ಟು ಮಲಗಿದ್ದರು.

“ಅತ್ತೆ.”

ಭುಜ ಹಿಡಿದು ಅಲುಗಾಡಿಸಿದೆ. ತಲೆ ಒಂದು ಪಕ್ಕಕ್ಕೆ ವಾಲಿತು. ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಕೆನ್ನೆಗೆ ಹೊಡೆದೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವರೆದುರು ದನಿಯೆತ್ತಿದವಳಲ್ಲ. ಇನ್ನೊಂದು ಹೊಡೆದೆ.

ಅವರು ಅರ್ಧ ಕಣ್ಣು ತೆರೆದರು. ಪಾಪೆ ಇನ್ನೂ ಅಗಲವಾಗಿ, ಕಪ್ಪಗೆ, ನನ್ನನ್ನು ನೋಡದೆ ಎಲ್ಲೋ ನೋಡಿತು.

“ತಲೆ ಸಿಡೀತಿದೆ ಕಣೇ,” ಎಂದರು, ತೊದಲುತ್ತ. ಕೆನ್ನೆ ಮುಟ್ಟಿಕೊಂಡು, “ಹೊಡೆದೆಯಾ?”

ಅಷ್ಟರಲ್ಲಿ ಎಂಜಿನ್ ಆರಿಸಿ ಬಂದ ಮೆಕ್ಯಾನಿಕ್ ಮತ್ತು ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ಮುಂದೆ ಹಿಡಿದು ಬೀದಿಗೆ ಇಳಿಸಿದೆವು. ಅವನು ಕರೆಸಿದ್ದ ಆಂಬುಲೆನ್ಸಿನಲ್ಲಿ ಮುಖಕ್ಕೆ ಆಕ್ಸಿಜನ್ ಕಟ್ಟಿದರು. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಎಂದು ಆಸ್ಪತ್ರೆಯ ಡಾಕ್ಟರು ಮಾತು ಶುರುಮಾಡಿದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಗಂಡನ ಕೈಯಲ್ಲಿ ಇನ್ನೂ ಅಳತೆಯ ಟೇಪ್ ಇತ್ತು.

“ನಾನೇ ಆಫ್ ಮಾಡಲಿಲ್ಲ,” ಎಂದೆ. “ಬೇರೆ ಯಾರೂ ಅಲ್ಲ.”

ಅವರು ಟೇಪನ್ನು ಎಳೆದರು, ಬಿಟ್ಟರು. ಅದು ಸರ್ರನೆ ಒಳಗೆ ಹೋಯಿತು. “ಅರ್ಧ ಗಂಟೆ ಅಂದಿದ್ದೆ ನಾನು,” ಎಂದಷ್ಟೇ ಹೇಳಿದರು.

ಮೂರನೇ ದಿನ ಅತ್ತೆಯನ್ನು ಮನೆಗೆ ಕರೆತಂದೆವು. ಅದೇ ಕಾರಿನಲ್ಲಿ. ಅದನ್ನು ಮಾರೋಣವೆಂದರೆ ಅತ್ತೆ ಒಪ್ಪಲಿಲ್ಲ. “ಮರೆತವಳು ನೀನು. ಕಾರನ್ನ ಮಾರಿದ್ರೆ ಏನು ಬಂತು? ನಿನ್ನನ್ನ ಮಾರೋಕಾಗುತ್ತಾ?” ಎಂದು ನಕ್ಕು, ನಡುವೆ ಕೆಮ್ಮಿದರು. ಗ್ಯಾರೇಜಿಗೆ ಈಗ ಶಟರ್ ಇಲ್ಲ. ಒಳಬಾಗಿಲಿಗೆ ಗಂಡ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದ್ದಾರೆ. ಅತ್ತೆಯ ಕೋಣೆಯಲ್ಲಿ ವಿಷಾನಿಲ ಪತ್ತೆಹಚ್ಚುವ ಬಿಳಿ ಡಬ್ಬಿಯೊಂದು ಗೋಡೆಯ ಮೇಲಿದೆ; ಅದು ಕೂಗಿದರೂ ಅವರಿಗೆ ಕೇಳದೆಂದು ನಾನು ಅವರ ಕೋಣೆಯ ಹೊರಗಿನ ಹಜಾರದಲ್ಲಿ ಮಲಗುತ್ತೇನೆ.

ಈಗ ಕಾರಿನಿಂದ ಇಳಿದರೆ ಅತ್ತೆ ನೇರ ಒಳಗೆ ಹೋಗುವುದಿಲ್ಲ. ನಾನು “ಆಫ್” ಎಂದು ಅವರ ಕಣ್ಣಿಗೆ ಕಾಣುವಂತೆ ತುಟಿಯಾಡಿಸಿದ ಮೇಲೂ ಬಾನೆಟ್ಟಿನ ಮೇಲೆ ಅಂಗೈ ಊರಿ, ತಲೆ ಓರೆ ಮಾಡಿ, ಜ್ವರ ನೋಡುವವರಂತೆ ನಿಲ್ಲುತ್ತಾರೆ.

“ಅಲುಗಾಡ್ತಿಲ್ಲ. ಬಾ,” ಎನ್ನುತ್ತಾರೆ.

ಬ್ಯಾಟರಿಯಲ್ಲಿ ಆನ್ ಇದ್ದರೂ ಅದು ಅಲುಗುವುದಿಲ್ಲ. ಆ ಕೈಗೆ ಏನೂ ತಿಳಿಯುವುದಿಲ್ಲ. ಅದನ್ನು ನಾನಿನ್ನೂ ಅವರಿಗೆ ಹೇಳಿಲ್ಲ. ಅವರನ್ನು ಮೆಟ್ಟಿಲು ಹತ್ತಿಸಿ, ಕಿಟಕಿ ತೆರೆದಿಟ್ಟು, ಕೆಳಗಿಳಿದು ಬಂದು, ಕಾರಿನ ಬಾಗಿಲು ತೆಗೆದು ಪರದೆ ನೋಡುತ್ತೇನೆ. ಕಪ್ಪಗಿರುತ್ತದೆ. ಮತ್ತೆ ಮೆಟ್ಟಿಲು ಹತ್ತುತ್ತೇನೆ. ಮೇಲಿನ ಮೆಟ್ಟಿಲಿಗೆ ಬಂದಾಗ, ಈಗ ನೋಡಿದ್ದು ಇವತ್ತಿನದೋ ನಿನ್ನೆಯದೋ ಎಂದು ಅನುಮಾನವಾಗುತ್ತದೆ.