ಐವತ್ತರಲ್ಲಿ ಒಂದು ತೋಟೆ

ಸೇಜ್ ಫೋರ್ಕ್ ಊರಿನ ನೂರಮೂವತ್ತು ವರ್ಷಗಳ ಇತಿಹಾಸದಲ್ಲಿ ಜನರನ್ನು ಎರಡು ಪಾಲು ಮಾಡಿದ ಮಹಾಪ್ರಶ್ನೆಗಳು ಎರಡೇ. ರೈಲು ಊರಿನ ತೆಂಕಲಿಗೆ ಬರಬೇಕೋ ಬಡಗಲಿಗೆ ಬರಬೇಕೋ ಎಂಬುದು ಮೊದಲನೆಯದು. ಅದು ಯಾವ ಕಡೆಗೂ ಬರಲಿಲ್ಲ. ವೆಂಡೆಲ್ ಸ್ಕೋಗ್‌ನ ಹೊಸ ಕೋವಿಯ ತೋಟೆಗೆ ಯಾವ ಮದ್ದು ತುಂಬಬೇಕು ಎಂಬುದು ಎರಡನೆಯದು.

ಮೂವತ್ತೊಂದು ವರ್ಷ ಕೌಂಟಿಯ ರಸ್ತೆಗಳಿಂದ ಹಿಮ ತಳ್ಳಿ ನಿವೃತ್ತನಾದ ವೆಂಡೆಲ್ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ ಆ ಕೋವಿ. ಅದು ಹುಟ್ಟಿದ್ದು ಹೋದ ವರ್ಷ, ಇಟಲಿಯಲ್ಲಿ; ವೇಷ ಮಾತ್ರ ಮುತ್ತಜ್ಜನ ಕಾಲದ್ದು. ಹಿಡಿಯ ಕೆಳಗಿನ ಲಿವರನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಸುಟ್ಟ ತೋಟೆ ಮೇಲಕ್ಕೆ ಹಾರಿ ಹೊಸದು ನಳಿಗೆಯ ಬುಡದಲ್ಲಿ ಕೂರುತ್ತದೆ. ಆಗ ಆಗುವ ಸದ್ದಿಗಾಗಿ ನಮ್ಮ ಕಡೆಯ ಗಂಡಸರು ಹೆಂಡತಿಯರಿಗೆ ಸುಳ್ಳು ಹೇಳಿದ್ದುಂಟು. ತಿಂಗಳ ಮೊದಲ ಶನಿವಾರ ಜಲ್ಲಿ ಕ್ವಾರಿಯ ಹಿಂದೆ ಸೇರಿ, ಮುತ್ತಜ್ಜಂದಿರ ಟೋಪಿ ಹಾಕಿಕೊಂಡು, ಕಬ್ಬಿಣದ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯುವುದು ನಮ್ಮ ಕ್ಲಬ್ಬಿನ ಕೆಲಸ. ಅಲ್ಲಿ ಒಬ್ಬೊಬ್ಬರಿಗೂ ಒಂದು ಬಿರುದು. ವೆಂಡೆಲ್‌ನದು 'ಗುಡುಗು'. ಅದನ್ನು ಅವನೇ ಆರಿಸಿಕೊಂಡಿದ್ದ.

ಹಳೆಯ ಕಾಲದ, ಹೊಗೆ ಕಾರುವ ಕರಿಮದ್ದಿನ ಮಾತೇ ಇರಲಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಕೋವಿ ಮನೆಯೊಳಗೆ ಬಂದರೆ ತಾನು ಹೊರಗೆ ಹೋಗುತ್ತೇನೆಂದು ಹೆಂಡತಿ ಜನೆಲ್ ಮೊದಲೇ ಹೇಳಿಬಿಟ್ಟಿದ್ದಳು. ಹೊಗೆಯಿಲ್ಲದ ಮದ್ದೇ ಆಗಬೇಕು. ಅದರಲ್ಲಿ ಯಾವುದು? ಸಭಾಭವನದ ದೋಸೆ ಉಪಾಹಾರದಲ್ಲಿ, ಪ್ಯಾನ್‌ಕೇಕಿನ ಮೇಲೆ ಮೇಪಲ್ ಪಾಕ ಸುರಿದುಕೊಳ್ಳುತ್ತ, ಗ್ಯಾಸ್ ಸಿಲಿಂಡರ್ ಮಾರುವ ಹೋಬಾರ್ಟ್ ತೀರ್ಪು ಕೊಟ್ಟ.

"ನುಣ್ಣಗಿರೋ ಮದ್ದು ಹಾಕು ಮಾರಾಯ. ಚಿಟಿಕೆ ಸಾಕು. ಒಂದು ಡಬ್ಬ ತಂದ್ರೆ ನಿನ್ನ ಮಣ್ಣು ಮಾಡೋವರೆಗೂ ಬರುತ್ತೆ."

"ಚಿಟಿಕೆ ಸಾಕು ಅಂತ ದೇವ್ರು ನಿನ್ನ ತಲೆಗೂ ಹಂಗೇ ಅಳತೆ ಮಾಡ್ದ, ಹೋಬಾರ್ಟ್," ಎಂದರು ಮೇಜಿನ ಕೊನೆಯಲ್ಲಿದ್ದ ಡೆಲ್ಮರ್ ಪ್ರೂಯಿಟ್.

ಡೆಲ್ಮರ್ ನಲವತ್ತು ವರ್ಷ ಊರಿನ ಔಷಧದ ಅಂಗಡಿ ನಡೆಸಿದವರು. ವೈದ್ಯರಲ್ಲದಿದ್ದರೂ ಎಲ್ಲರಿಗೂ ಡಾಕ್ಟ್ರು. ಎಂಬತ್ತು ಮುಟ್ಟಿದ್ದ ಅವರ ಕ್ಲಬ್ಬಿನ ಬಿರುದು 'ಹರಳೆಣ್ಣೆ'. ಇನ್ನೊಬ್ಬ ತುಂಬಿದ ತೋಟೆಯನ್ನು ನಿನ್ನ ಕೋವಿಗೆ ಹಾಕಬೇಡ ಎಂಬುದು ಈ ಕಸುಬಿನ ಮೊದಲ ಕಟ್ಟಳೆ. ತಮ್ಮನ ತೋಟೆಯನ್ನು ಅಣ್ಣ ಮುಟ್ಟುವುದಿಲ್ಲ. ಆ ಕಟ್ಟಳೆಗೆ ಊರು ಒಬ್ಬರನ್ನು ಮಾತ್ರ ಹೊರತು ಮಾಡಿತ್ತು. ಕಾಲು ಗುಂಜಿಯೂ ಹೆಚ್ಚುಕಡಿಮೆಯಾಗದಂತೆ ನಲವತ್ತು ವರ್ಷ ಪುಡಿ ತೂಗಿ, ಯಾರನ್ನೂ ಕೊಲ್ಲದ ಕೈ ಅದು. ಹನ್ನೊಂದು ಜನಕ್ಕೆ ಅವರೇ ತೋಟೆ ತುಂಬಿಕೊಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಕೆಲಸ ಅದೊಂದೇ.

"ಇದಕ್ಕೆ ಉಬ್ಬಿರೋ ಮದ್ದು ಬೇಕು," ಎಂದರು. "ಹಗುರ, ಚಕ್ಕೆ ಚಕ್ಕೆ ಇರುತ್ತಲ್ಲ, ತೋಟೆಯ ಕೊಳವೆನ ಅರ್ಧಕ್ಕಿಂತ ಮೇಲೆ ತುಂಬೋದು. ಹೊಸ ಕೋವಿ ಆದ್ರೂ ಕೀಲು ಹಳೇ ಮಾದರಿ. ಮೆತ್ತಗೆ ತಳ್ಳಬೇಕು."

"ಡಬ್ಬ ಬೇಗ ಖಾಲಿ ಆಗುತ್ತಲ್ಲ ಡಾಕ್ಟ್ರೇ?" ಎಂದ ವೆಂಡೆಲ್.

"ಆಗ್ಲಿ. ನಾನು ತುಂಬೋದಾದ್ರೆ ಅದೇ. ಬೇರೆ ಬೇಕಾದ್ರೆ ನೀನೇ ತುಂಬ್ಕೋ."

ಊರು ಎರಡಾಯಿತು. ನುಣ್ಣನೆ ಪಕ್ಷ ಕಿಟಕಿಯ ಕಡೆ ಕೂತಿತು, ಉಬ್ಬಿದ ಪಕ್ಷ ಒಲೆಯ ಕಡೆ. ವೆಂಡೆಲ್ ಒಲೆಯ ಕಡೆ ಸರಿದ. ವಾದಕ್ಕೆ ಒಪ್ಪಿ ಅಲ್ಲ, ಡೆಲ್ಮರ್ ತುಂಬಿದ ತೋಟೆ ಸಿಗುವುದೆಂದರೆ ಊರಲ್ಲಿ ಒಂದು ಗೌರವ.

ಅನಾಹುತದ ಬೀಜ ಬಿದ್ದದ್ದು ಅದೇ ದಿನ, ಹೊರಡುವ ಹೊತ್ತಿಗೆ. ಬಾಗಿಲ ಬಳಿ ಡೆಲ್ಮರ್ ನಿಂತು, "ಮಂಡಿ ನೋವು ಹೆಂಗಿದೆ, ಹೋಬಾರ್ಟ್?" ಎಂದು ಅಕ್ಕರೆಯಿಂದ ಕೇಳಿದರು. ಹೋಬಾರ್ಟ್ ಅಡುಗೆಮನೆಯಲ್ಲಿದ್ದ. ಡೆಲ್ಮರ್ ಮಾತಾಡಿಸಿದ್ದು ಕೋಟು ತೂಗುಹಾಕುವ ಕಂಬವನ್ನು. ಕಂಬ ಉತ್ತರ ಕೊಡಲಿಲ್ಲ; ಡೆಲ್ಮರ್ ಅದರ ತೋಳು ತಟ್ಟಿ ಹೊರಟುಹೋದರು. ನೋಡಿದವನು ವೆಂಡೆಲ್ ಒಬ್ಬನೇ.

ಎರಡು ವಾರಕ್ಕೆ ಡಬ್ಬಿ ಬಂತು. ಐವತ್ತು ತೋಟೆ, ಮೇಲೆ ದಪ್ಪಕ್ಷರದಲ್ಲಿ 'ಗುಡುಗು'. ಅಕ್ಷರಗಳ ಸಾಲು ಒಂದು ಕಡೆಗೆ ವಾಲಿತ್ತು. ವೆಂಡೆಲ್‌ಗೆ ಆ ಕಂಬ ನೆನಪಾಯಿತು. ಒಂದು ಕೊಳವೆಗೆ ಎರಡು ಸಲ ಮದ್ದು ಬಿದ್ದರೆ ಕೋವಿಯ ಜೊತೆಗೆ ಕೆನ್ನೆಯೂ ಹೋಗುತ್ತದೆ. ಸೀದಾ ಹೋಗಿ, ಡಾಕ್ಟ್ರೇ ನಿಮಗೆ ಕಣ್ಣು ಕಾಣುತ್ತಾ ಎಂದು ಕೇಳಬಹುದಿತ್ತು. ಕೇಳಿದರೆ ಮುದುಕರಿಗೆ ಅವಮಾನ ಎಂದುಕೊಂಡ. ಹಾಗೆಂದುಕೊಳ್ಳುವಾಗ ತಾನು ಬಹಳ ಒಳ್ಳೆಯವನೆಂದು ಅವನಿಗೆ ಅನಿಸಿತು.

ಭಾನುವಾರ ಜನೆಲ್ ಚರ್ಚಿನ ಊಟಕ್ಕೆ ಹೋದಾಗ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕೂತ. ತೋಟೆ ಬಿಚ್ಚಲು ಸುತ್ತಿಗೆಯಂಥ ಒಂದು ಸಾಧನವಿದೆ. ಅದರ ತಲೆಯೊಳಗೆ ತೋಟೆಯಿಟ್ಟು ಮರದ ದಿಮ್ಮಿಗೆ ಮೂರು ಸಲ ಕುಟ್ಟಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಒಂದೊಂದರ ಮದ್ದೂ ಬೇರೆ ಬೇರೆ ಇರಲೆಂದು ಜನೆಲ್‌ಳ ಕೇಕ್ ಬೇಯಿಸುವ ಹನ್ನೆರಡು ಗುಳಿಯ ತಟ್ಟೆಯನ್ನು ಅಡುಗೆಮನೆಯಿಂದ ತಂದಿದ್ದ. ಮೊದಲ ಹನ್ನೆರಡನ್ನು ತಕ್ಕಡಿಗೆ ಹಾಕಿ ನೋಡಿದ. ಮುಳ್ಳು ಕೂದಲೆಳೆಯಷ್ಟೂ ಅಲುಗದೆ ಹನ್ನೆರಡು ಸಲವೂ ಒಂದೇ ಗೆರೆಯ ಮೇಲೆ ನಿಂತಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅನುಮಾನವೆಂಬುದು ತುರಿಕಜ್ಜಿ, ಕೆರೆದಷ್ಟೂ ಹಿತ. ಹನ್ನೆರಡನ್ನು ಗುಂಡನ್ನು ಕೊಳವೆಗೆ ಒತ್ತಿ ಕೂರಿಸುವ ತನ್ನ ಹಳೆಯ ಪ್ರೆಸ್ಸಿನಲ್ಲಿ ಮತ್ತೆ ಜೋಡಿಸಿ ಇನ್ನೊಂದು ಹನ್ನೆರಡನ್ನು ಬಿಚ್ಚಿದ. ಮತ್ತೆ ಅದೇ ಗೆರೆ. ಹೀಗೆ, ಲೆಕ್ಕಕ್ಕೆ ಹೆಚ್ಚಾದ ಎರಡನ್ನು ನಡುವೆ ಬೇರೆಯಾಗಿ ಮುಗಿಸಿ, ಐವತ್ತರ ಮದ್ದನ್ನೂ ಕಣ್ಣಾರೆ ತೂಗಿ ನೋಡಿದ. ಐವತ್ತೂ ಒಂದೇ. ತಪ್ಪು ಸಿಗಲಿಲ್ಲವೆಂದು ಅವನಿಗೆ ಒಂದು ಗಳಿಗೆ ಬೇಸರವಾಯಿತು. ಆ ಬೇಸರ ಎಂಥದ್ದೆಂದು ಗೊತ್ತಾದಾಗ ಕಿವಿ ಬಿಸಿಯಾಯಿತು.

ಕೊನೆಯ ಹನ್ನೆರಡನ್ನು ಮತ್ತೆ ತುಂಬುತ್ತಿದ್ದಾಗ ಬಾಗಿಲು ಬಡಿದ ಸದ್ದು.

"ವೆಂಡೆಲ್! ನನ್ನ ಕೇಕಿನ ತಟ್ಟೆ ನೋಡಿದ್ಯಾ?"

"ಇಲ್ಲಪ್ಪಾ!" ಎನ್ನುತ್ತ ತಟ್ಟೆಯ ಮೇಲೆ ಪತ್ರಿಕೆ ಎಳೆದು, ಅದನ್ನು ಮೇಜಿನಡಿ ತಳ್ಳಿದ.

"ಏನೋ ಕುಟ್ತಿದ್ದೆ ಅಂತ ಪಕ್ಕದ ಮನೆಯವ್ರು ಹೇಳಿದ್ರು?"

"ಗೋಡೆಗೆ ಮೊಳೆ."

"ನೂರೈವತ್ತು ಮೊಳೆನಾ?" ಎಂದು ಅವಳು ಒಳಗೆ ಹೋದಳು.

ತಟ್ಟೆಯನ್ನು ಹೊರಗೆಳೆದಾಗ ಒಂದು ಗುಳಿ ಖಾಲಿಯಿತ್ತು. ಅದನ್ನು ಆಗಲೇ ಕೊಳವೆಗೆ ಸುರಿದಾಗಿದೆ ಎಂದುಕೊಂಡ. ಉಳಿದವನ್ನು ಸುರಿದ, ಗುಂಡು ಕೂರಿಸಿದ, ಅದನ್ನು ಕಚ್ಚಿ ಹಿಡಿಯುವಂತೆ ಕೊಳವೆಗಳ ಬಾಯಿ ಮಡಿಸಿದ. ತಟ್ಟೆಯನ್ನು ಸೋಪು ಹಾಕಿ ಮೂರು ಸಲ ತೊಳೆದು ಓವನ್ನಿನೊಳಗಿಟ್ಟು, ಇಗೋ ಇಲ್ಲೇ ಇತ್ತಲ್ಲ ಎಂದ.

ಜೂನ್ ತಿಂಗಳ ಮೊದಲ ಶನಿವಾರ ಕ್ವಾರಿಯಲ್ಲಿ ಟೋಪಿ ಹಾರುವಂಥ ಗಾಳಿ. ಡೆಲ್ಮರ್ ಮಡಿಸುವ ಕುರ್ಚಿಯಲ್ಲಿ ಕೂತು, ತಾವು ತುಂಬಿದ ತೋಟೆಗಳ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ವೆಂಡೆಲ್ ಐದು ಹೊಡೆದ. ಐದು ತಟ್ಟೆಯೂ ಗಂಟೆಯಂತೆ ನುಡಿದವು. ಆರನೆಯದು ಪುಸ್ ಎಂದಿತು.

"ನಿಲ್ಸು!" ಎಂದು ಕೂಗಿದಳು ಸ್ಪರ್ಧೆ ನಡೆಸುವ ಬರ್ನಡೀನ್. "ಲಿವರ್ ಮುಟ್ಟಬೇಡ! ನಳಿಗೆ ಆ ಕಡೆನೇ ಇರ್ಲಿ!"

"ಗುಡುಗಿಗೆ ನೆಗಡಿ ಆಗಿದೆ ಕಣ್ರೋ!" ಎಂದ ಹೋಬಾರ್ಟ್. ಎಲ್ಲರೂ ನಕ್ಕರು.

ಕೋವಿ ಖಾಲಿ ಮಾಡಿಸಿ ಹಿತ್ತಾಳೆ ಸಲಾಕೆ ತೂರಿಸಿದಾಗ ನಗು ನಿಂತಿತು. ಸಲಾಕೆ ಅರ್ಧಕ್ಕೇ ತಡೆಯಿತು. ಮದ್ದಿಲ್ಲದ ತೋಟೆ; ಬುಡದಲ್ಲಿ ಕಿಡಿ ಹಾರಿಸುವ ಕೇಪಿನ ಬಲಕ್ಕೇ ಗುಂಡು ನಳಿಗೆಯ ನಡುವಿಗೆ ಬಂದು ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸಿಡಿಯುತ್ತಿತ್ತು. ಬರ್ನಡೀನ್ ಗುಂಡನ್ನು ತಟ್ಟಿ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಯಾರ ತೋಟೆ ಎಂದು ಅವಳು ಕೇಳಲಿಲ್ಲ. ಎಲ್ಲರೂ ಮೊದಲು ಡೆಲ್ಮರ್ ಕಡೆ ನೋಡಿದರು, ಆಮೇಲೆ ತಮ್ಮ ತಮ್ಮ ಬೂಟುಗಳ ಕಡೆ.

ಡೆಲ್ಮರ್ ಕೊಟ್ಟಾಗ ಐವತ್ತರಲ್ಲೂ ಮದ್ದಿತ್ತು ಎಂಬುದಕ್ಕೆ ಜಗತ್ತಿನಲ್ಲಿ ಒಬ್ಬನೇ ಸಾಕ್ಷಿ. ಆ ಸಾಕ್ಷಿ ಬಾಯಿ ತೆರೆದ. ಬಂದದ್ದು ಕೆಮ್ಮು.

"ಉಳಿದಿರೋದ್ರಲ್ಲಿ ಒಂದು ಕೊಡಮ್ಮ," ಎಂದರು ಡೆಲ್ಮರ್. ಬರ್ನಡೀನ್ ಒಂದು ತೋಟೆ ಕೊಟ್ಟಳು. ಗುಂಡು ಕೊಳವೆಯೊಳಗೆ ಇಳಿಯುವ ಅಂಚಿನ ಸುತ್ತ ಅವರು ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಆಮೇಲೆ ಅದನ್ನು ವೆಂಡೆಲ್‌ನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಿಸಿದರು.

"ಐವತ್ತರಲ್ಲಿ ಒಂದು," ಎಂದರು. "ಒಂದೇ ಸಾಕು. ಬರ್ನಡೀನ್, ನನ್ನ ಮನೆಗೆ ಬಿಡ್ತೀಯಾ?"

ಮುಂದಿನ ವಾರ ಊರು ಡೆಲ್ಮರ್ ಮೇಲೆ ಕರುಣೆಯ ದಾಳಿ ನಡೆಸಿತು. ಅವರ ತೋಟೆಗಳಿದ್ದ ಡಬ್ಬಿಗಳು ಒಂದೊಂದಾಗಿ ಅವರ ಜಗಲಿಗೆ ಮರಳಿದವು, ಪ್ರತಿಯೊಂದರ ಜೊತೆ ಒಂದು ತಿಂಡಿ. ಹೋಬಾರ್ಟ್ ನಾಲ್ಕು ಡಬ್ಬಿಯನ್ನೂ ರುಬಾರ್ಬ್ ಪೈಯನ್ನೂ ಇಟ್ಟು, ಬಾಗಿಲು ತಟ್ಟದೆ ಓಡಿಬಂದ. ನಮ್ಮೂರಿನವರು ಯಾರನ್ನಾದರೂ ಮೂಲೆಗೆ ತಳ್ಳುವಾಗ ಪೈ ಸಮೇತ ತಳ್ಳುತ್ತಾರೆ.

ಗುರುವಾರ ಜನೆಲ್ ಗ್ಯಾರೇಜು ಗುಡಿಸುತ್ತಿದ್ದಳು. "ಇದೇನಿದು, ಮೇಜಿನಡಿ? ಬೂದಿ ಚಕ್ಕೆ ಥರ."

ವೆಂಡೆಲ್ ಬಗ್ಗಿ ನೋಡಿದ. ಮಡಿಸಿದ ಪತ್ರಿಕೆಯ ಸುಕ್ಕಿನಲ್ಲಿ ಒಂದು ತೋಟೆಯಷ್ಟು ಮದ್ದು ನೆಮ್ಮದಿಯಾಗಿ ಮಲಗಿತ್ತು. ಕೇಕಿನ ತಟ್ಟೆಯಿಂದ ಹಿಡಿದು ಕೆಮ್ಮಿನವರೆಗೆ ಹೆಂಡತಿಗೆ ಎಲ್ಲವನ್ನೂ ಹೇಳಿದ.

ಜನೆಲ್ ಪೊರಕೆ ಕೆಳಗಿಡಲಿಲ್ಲ. "ನನ್ನ ಹತ್ರ ಯಾಕೆ ಹೇಳ್ತಿದೀಯ? ಪೈ ತಿಂತಾ ಕೂತಿರೋದು ನಾನಾ?"

ಅದೇ ಸಂಜೆ ಡೆಲ್ಮರ್ ತಮ್ಮ ಮನೆಯ ಬಾಗಿಲು ತೆಗೆದು, ಮುಖ ನೋಡದೆ, ಬೂಟಿನ ಸದ್ದಿಗೇ ಹೇಳಿದರು, "ಬಾ ವೆಂಡೆಲ್. ಪೈ ಇದೆ. ಆರು ಥರ ಇದೆ."

"ಡಾಕ್ಟ್ರೇ, ಆ ತೋಟೆ..."

"ಕೊಳವೆ ಬಾಯಿ ಮಡಿಸಿದ್ದು ನಾನಲ್ಲ. ನಂದು ಸುತ್ತ ಒಂದೇ ಸಮ ಇರುತ್ತೆ. ಅದರಲ್ಲಿ ಒಂದು ಕಡೆ ಮೆಟ್ಟಿಲು. ನಿನ್ನ ಪ್ರೆಸ್ಸು ವಾರೆ ಇದೆ ಅಂತ ಹತ್ತು ವರ್ಷದಿಂದ ಹೇಳ್ತಿದೀನಿ."

"ಅಲ್ಲೇ ಗೊತ್ತಾಯ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಕೆಮ್ಮಿದೆ."

ವೆಂಡೆಲ್ ಟೋಪಿಯ ಅಂಚನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. "ನೀವು ಅವತ್ತು ಕೋಟಿನ ಕಂಬ ಮಾತಾಡ್ಸಿದ್ರಿ."

"ಹೋಬಾರ್ಟ್‌ಗಿಂತ ಮರ್ಯಾದಸ್ಥ ಕಂಬ," ಎಂದರು ಡೆಲ್ಮರ್. ಆದರೆ ನಗಲಿಲ್ಲ. ಅವನನ್ನು ಒಳಕೋಣೆಗೆ ಕರೆದೊಯ್ದರು. ಐವತ್ತು ತೂತಿನ ಹಲಗೆಯಲ್ಲಿ ಕೊಳವೆಗಳು ನಿಂತಿದ್ದವು. ತಕ್ಕಡಿಯ ಮುಳ್ಳಿನ ಮುಂದೆ ಕೈಯಗಲದ ಭೂತಗನ್ನಡಿ. "ಕಣ್ಣಿನ ನೋಟ ನಡುವೆ ಹೋಗಿದೆ, ಅಂಚಲ್ಲಿ ಉಳಿದಿದೆ. ಓರೆಯಾಗಿ ನೋಡಿದ್ರೆ ಮುಳ್ಳು ಕಾಣುತ್ತೆ. ಸುರಿದ ಮೇಲೆ ಈ ಗೀಟು ಕೊರೆದ ಕಡ್ಡಿ ಒಂದೊಂದಕ್ಕೂ ಇಳಿಸ್ತೀನಿ. ಖಾಲಿ ಇದ್ರೆ ಕಡ್ಡಿ ಮುಳುಗುತ್ತೆ, ಉಗುರಿಗೆ ಗೊತ್ತಾಗುತ್ತೆ. ಎರಡು ಸಲ ಸುರಿದ್ರೆ ಹೊರಗೆ ಉಕ್ಕುತ್ತೆ. ನುಣ್ಣಗಿರೋ ಮದ್ದು ಉಕ್ಕಲ್ಲ, ಎರಡು ಪಟ್ಟು ಬಿದ್ರೂ ಒಳಗೇ ಅಡಗಿ ಕೂತ್ಕೊಳ್ಳುತ್ತೆ. ಉಬ್ಬಿರೋದೇ ಬೇಕು ಅಂತ ಜಗಳ ಆಡಿದ್ದು ಯಾಕೆ ಅಂದ್ಕೊಂಡೆ? ನಿನ್ನ ಕೋವಿ ಕೀಲಿಗಾ?"

ವೆಂಡೆಲ್ ಕಡ್ಡಿ ಎತ್ತಿ ಒಂದು ಕೊಳವೆಗೆ ಇಳಿಸಿ ನೋಡಿದ. ತಾನು ಕಳ್ಳನಂತೆ ಕುಟ್ಟಿ ಕುಟ್ಟಿ ಹುಡುಕಿದ ಪ್ರಶ್ನೆಗೆ ಈ ಮನುಷ್ಯ ದೋಸೆಯ ಮೇಜಿನಲ್ಲೇ, ಎಲ್ಲರೆದುರು, ಉತ್ತರ ಕೊಟ್ಟಿದ್ದರು.

"ನಾನು ಕೇಳಿದ್ರೆ ಹೇಳ್ತಿದ್ರಾ?"

"ಕೇಳಿದ್ರೆ ಅವಮಾನ ಆಗ್ತಿತ್ತು," ಎಂದರು ಡೆಲ್ಮರ್. "ಹೇಳ್ತಿದ್ದೆ."

ಜುಲೈ ತಿಂಗಳ ದೋಸೆ ಉಪಾಹಾರದಲ್ಲಿ ವೆಂಡೆಲ್ ಎದ್ದು ನಿಂತ. ಗಂಟಲು ಸರಿಮಾಡಿಕೊಳ್ಳಲೂ ಧೈರ್ಯವಾಗಲಿಲ್ಲ, ಅದು ಕೆಮ್ಮಿನಂತೆ ಕೇಳೀತೆಂದು. ಡಬ್ಬಿ ಬಿಚ್ಚಿದ್ದು, ತೂಗಿದ್ದು, ಖಾಲಿ ಗುಳಿ, ಕ್ವಾರಿಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದ. ಡೆಲ್ಮರ್ ಅವರ ಕಣ್ಣಿನ ವಿಷಯವನ್ನು ಮಾತ್ರ ಅವನು ಹೇಳಲಿಲ್ಲ. ಅದನ್ನು ಅವರೇ ಎದ್ದು ಹೇಳಿದರು, ಕಡ್ಡಿಯನ್ನೂ ತೋರಿಸಿದರು. ಯಾರೂ ನಗಲಿಲ್ಲ. ಹೋಬಾರ್ಟ್ ಸಹ ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಅವನು ತಟ್ಟೆ ನೋಡುತ್ತ, "ನನ್ನ ನಾಲ್ಕು ಡಬ್ಬಿ ವಾಪಸ್ ತಗೊಂಡು ಹೋಗ್ಲಾ, ಡಾಕ್ಟ್ರೇ?" ಎಂದು ಕೇಳಿದ.

"ತಗೊಂಡು ಹೋಗು. ಪೈ ಮಾತ್ರ ಖರ್ಚಾಗಿದೆ."

ಬೇಸಿಗೆ ಮುಗಿಯುವ ಹೊತ್ತಿಗೆ ಹನ್ನೊಂದು ಜನವೂ ಡೆಲ್ಮರ್ ಹತ್ತಿರ ಮರಳಿದ್ದರು. ತನಗೂ ತುಂಬಿಕೊಡಿ ಎಂದು ವೆಂಡೆಲ್ ಕೇಳಲಿಲ್ಲ. ತುಂಬಿಕೊಡಲಾ ಎಂದು ಅವರೂ ಕೇಳಲಿಲ್ಲ. ವೆಂಡೆಲ್ ಈಗ ಅಂಗಡಿಯ ತೋಟೆ ಕೊಳ್ಳುತ್ತಾನೆ.