ಗುದ್ದಲಿ ತಾಗಿದ ಕಿವಿ

“ಕೈ ಕೆಳಗ ಹಿಡಿ ಬೇ ಲಾಲಿ, ಇನ್ನೂ ಕೆಳಗ. ತಂಬಿಗಿಗಿ ತಗಲಿತಂದ್ರ ಬೂದಿ ಹಚ್ಚಿ ತಿಕ್ಕೋದು ನಾನು, ನಿಮ್ಮಪ್ಪ ಅಲ್ಲ.”

ಪೂಜಾರಿ ಮರಿಲಿಂಗ ಗುಡಿಯ ಮೂರನೇ ಮೆಟ್ಟಿಲ ಮೇಲೆ ನಿಂತು ತಂಬಿಗೆ ಬಗ್ಗಿಸಿದ. ಕೆಳಗೆ ಕುಕ್ಕರಗಾಲಲ್ಲಿ ಕೂತ ನಮ್ಮವ್ವ ಲಾಲಮ್ಮ ಬೊಗಸೆಯನ್ನು ಗಲ್ಲಕ್ಕೆ ಆನಿಸಿ ಕುಡಿದಳು. ಅರ್ಧ ನೀರು ಬಾಯಿಗೆ, ಅರ್ಧ ರವಿಕೆಗೆ. ಬೆಳಗಿನಿಂದ ಗುಡಿಯ ಅಂಗಳದ ಕಸ ಕಿತ್ತು ಅವಳ ಉಗುರಿನ ಸಂದಿಯಲ್ಲೆಲ್ಲ ಮಣ್ಣಿತ್ತು.

ನನ್ನ ಪಕ್ಕದಲ್ಲಿ ಮಾರ್ಗಿಟ್ ಎಂಬ ಬಿಳಿ ಹೆಂಗಸು ನಿಂತು ನೋಡುತ್ತಿದ್ದಳು. ಹಳೆಯ ಕಲ್ಲಿನ ಮೂರ್ತಿಗಳ ಅಭ್ಯಾಸಕ್ಕೆಂದು ಯಾವುದೋ ದೂರದ ದೇಶದಿಂದ ಬಂದವಳು. ಶಿರವಾಳದ ಗುಡಿಗಳನ್ನು ನೋಡಿ ಮುಗಿಸಿ, ಅಲ್ಲಿಂದ ನಾಲ್ಕು ಮೈಲಿಯ ನಮ್ಮೂರಿಗೆ ಕಾರಿನಲ್ಲಿ ಇಳಿದಿದ್ದಳು. ಅವಳ ಮಾತು ತಿಳಿಯುವವಳು ಊರಲ್ಲಿ ನಾನೊಬ್ಬಳೇ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಶಹಾಪುರದ ಒಂದು ಟ್ಯೂಷನ್‌ನಲ್ಲಿ ಪಾಠ ಹೇಳುತ್ತೇನೆ. ಅದಕ್ಕೇ ಗುಡಿ ಕಮಿಟಿಯ ಅಧ್ಯಕ್ಷ ಭೀಮಾಶಂಕರಗೌಡ ನಮ್ಮ ಕೇರಿಗೆ ಆಳು ಕಳಿಸಿ ಪಂಚಶೀಲಾ ಬರಬೇಕಂತೆ ಎಂದು ಹೇಳಿಸಿದ್ದ. ಅವನಿಗೆ ನನ್ನ ನಾಲಿಗೆ ಬೇಕಿತ್ತು, ಕಾಲು ಬೇಕಿರಲಿಲ್ಲ.

ನೀರು ಹೊಯ್ಯುವುದನ್ನು ಕಂಡು ಮಾರ್ಗಿಟ್‌ಳ ಮುಖ ಅರಳಿತು. ಎಂಥ ಚೆಂದದ ಪದ್ಧತಿ, ನಿಂತು ನೀರು ಕೊಟ್ಟು ದಣಿದವರನ್ನು ಗೌರವಿಸುವುದು ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಯಾಮೆರಾ ನನ್ನ ಕೈಗಿಟ್ಟು, ಹೋಗಿ ಅವ್ವನ ಪಕ್ಕ ಕೂತು, ತಾನೂ ಬೊಗಸೆ ಒಡ್ಡಿದಳು.

ಮರಿಲಿಂಗ ತಂಬಿಗೆ ನೆಟ್ಟಗೆ ಮಾಡಿ ಗೌಡನ ಕಡೆ ನೋಡಿದ. ಹೊಯ್ದರೆ ಗೌಡ ಬಿಡುವುದಿಲ್ಲ, ಹೊಯ್ಯದಿದ್ದರೆ ಅತಿಥಿ ಬಿಡುವುದಿಲ್ಲ. ಗೌಡ ಧೋತರ ಎತ್ತಿಕೊಂಡು ಓಡಿ ಬಂದ. ಅದು ಅವರಿಗಲ್ಲ ಅಂತ ಹೇಳು ಎಂದು ನನ್ನ ಮೇಲೆ ರೇಗಿದ. ಅವನ ಹೆಂಡತಿ ಮನೆಯಿಂದ ಬೆಳ್ಳಿ ಲೋಟ ತಂದು, ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಕೊಟ್ಟಳು. ಗೌಡ ನಮ್ಮೆಲ್ಲರಿಗಿಂತ ಕರ್ರಗಿದ್ದಾನೆ. ಆದರೂ ಬಿಳಿ ಕೈ ತನ್ನ ಲೋಟ ಹಿಡಿದದ್ದಕ್ಕೆ ಹಿಗ್ಗಿ ಹೀರೇಕಾಯಿಯಾದ. ಅವಳು ಬೆಳಿಗ್ಗೆ ಯಾವ ಮಾಂಸ ತಿಂದು ಬಂದಿದ್ದಾಳೆಂದು ಒಬ್ಬನೂ ಕೇಳಲಿಲ್ಲ.

ಅವಳು ನೋಡಬಂದ ಮೂರ್ತಿ ನಮ್ಮವ್ವನಿಗೆ ಸಿಕ್ಕದ್ದು. ಹಿಂದಿನ ವರ್ಷ ಗೌಡನ ಹೊಲದಲ್ಲಿ ಹೊಂಡ ತೋಡುವಾಗ ಅವ್ವನ ಗುದ್ದಲಿ ಕಲ್ಲಿಗೆ ತಾಗಿ ಠಣ್ಣೆಂದಿತ್ತು. ಮಣ್ಣು ಸರಿಸಿದರೆ ಒಂದು ಹೆಣ್ಣಿನ ಮುಖ. ಎಡಗಿವಿಯ ಚೂರು ಹಾರಿಹೋಗಿತ್ತು. ಅವ್ವ ತನ್ನ ಸೆರಗು ನೆನೆಸಿ ಆ ಮುಖ ತೊಳೆದಳು, ನಾಲ್ವರ ಜೊತೆ ಹೆಗಲು ಕೊಟ್ಟು ಮೇಲೆತ್ತಿದಳು. ಆಮೇಲೆ ಊರಿನವರು ಬಂದು ಗೋಮೂತ್ರ ಚಿಮುಕಿಸಿ, ಹಾಲು ಹೊಯ್ದು, ನಮ್ಮ ಬೆರಳಚ್ಚು ಹೋಗುವ ತನಕ ತಿಕ್ಕಿ, ಗುಡಿಯ ಒಳಗಿಟ್ಟು ನಮಗೆ ಬಾಗಿಲು ಹಾಕಿದರು.

ಅವ್ವನಿಗೆ ಪೂಜೆ ಬೇಕಿರಲಿಲ್ಲ. ಬುದ್ಧನ ಮಾತು ಹಿಡಿದು ನನಗೆ ಪಂಚಶೀಲಾ ಎಂದು ಹೆಸರಿಟ್ಟ ಅಪ್ಪ ಮನೆಯಲ್ಲಿ ದೇವರ ಜಗಲಿಯನ್ನೇ ಇಟ್ಟವನಲ್ಲ. ಅವಳಿಗೆ ಬೇಕಿದ್ದದ್ದು ಆ ಕಿವಿ. ತನ್ನ ಕೈಯಿಂದ ಒಂದು ಹೆಣ್ಣಿಗೆ ಪೆಟ್ಟಾಯಿತಲ್ಲ, ಎಷ್ಟು ಒಡೆದಿದೆ ಅಂತ ಒಮ್ಮೆ ನೋಡಬೇಕು ಎನ್ನುತ್ತಿದ್ದಳು. ಅವಳ ಒಂದು ಕಣ್ಣು ಆಗಲೇ ಪೊರೆ ಬಂದು ಹೋಗಿತ್ತು. ಇನ್ನೊಂದು ಮಸುಕಾಗುತ್ತಿತ್ತು. ಅದಿರುವಷ್ಟರಲ್ಲಿ ನೋಡಬೇಕಿತ್ತು, ಅಷ್ಟೆ.

ಮಾರ್ಗಿಟ್ ನನ್ನಿಂದ ಕ್ಯಾಮೆರಾ ಇಸಿದುಕೊಂಡು ಒಳಗೆ ಹೊರಟಳು. ಚಪ್ಪಲಿ ಬಿಡಲು ಬಗ್ಗಿದರೆ, ಕಲ್ಲು ಕಾದಾವ, ಇರಲಿ ಇರಲಿ ಎಂದು ಗೌಡನೇ ತಡೆದ. ನಾನು ಅವಳ ಚೀಲ ಹೊತ್ತು ಮೂರನೇ ಮೆಟ್ಟಿಲ ತನಕ ಹೋಗಿ ನಿಂತೆ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಕಾಲಿಗೇ ಗೊತ್ತಿತ್ತು.

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಗೌಡನ ಮೇಲೆ ಬಂದದ್ದು ಸಿಟ್ಟು, ಅದು ಹಳೆಯದು. ಹೊಟ್ಟೆ ಉರಿದದ್ದು ಅವಳನ್ನು ನೋಡಿ. ಹೊಸಿಲು ದಾಟುವಾಗ ಅವಳು ಕೆಳಗೆ ನೋಡಲೇ ಇಲ್ಲ. ಹೊಸಿಲೆಂಬುದು ಒಂದಿದೆ ಎಂಬ ನೆನಪೇ ಅವಳಿಗಿರಲಿಲ್ಲ. ಹಾಗೆ ಒಂದು ಸಲ, ಒಂದೇ ಸಲ ನಡೆಯಲು ನಾನು ನನ್ನ ಎಂ.ಎ. ಕೊಟ್ಟುಬಿಡುತ್ತಿದ್ದೆ.

ಹೊರಗೆ ಬಂದು ಅವಳು ಮೂರ್ತಿಯನ್ನು ಬಹಳ ಹೊಗಳಿದಳು. ಎಡಗಿವಿ ಮಾತ್ರ ಒಡೆದಿದೆ, ಅದಕ್ಕೆ ಬೆಳ್ಳಿಯ ತಗಡು ಹೊದಿಸಿದ್ದಾರೆ, ಪಾಪ ಎಂದಳು. ನಾನು ಅವ್ವನಿಗೆ ಹೇಳಿದೆ.

“ಭಾಳ ಒಡದದೇನು, ಕೇಳು” ಎಂದಳು ಅವ್ವ.

ಕೇಳಿದೆ. ಹೆಬ್ಬೆರಳಿನಷ್ಟು ಎಂದು ಮಾರ್ಗಿಟ್ ಬೆರಳು ತೋರಿಸಿ, ನೀನ್ಯಾಕೆ ಒಳಗೆ ಬರಲಿಲ್ಲ ಎಂದು ನನ್ನನ್ನು ಕೇಳಿದಳು. ಆಗ ನಾನು ಎಲ್ಲ ಬಿಚ್ಚಿ ಹೇಳಿದೆ. ಆ ಕಿವಿ ಒಡೆದವಳು ಈಕೆಯೇ, ಅದನ್ನು ತೊಳೆದವಳೂ ಈಕೆಯೇ, ನೀನು ಚೆಂದದ ಪದ್ಧತಿ ಎಂದೆಯಲ್ಲ, ತಂಬಿಗೆ ಮೈಲಿಗೆಯಾಗದಿರಲಿ ಎಂದು ಹಾಗೆ ಹೊಯ್ಯುತ್ತಾರೆ ಎಂದೆ.

ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿ ಹರಿಯಿತು. ಕೂಡಲೇ ಗೌಡನ ಹೆಂಡತಿ ಓಡಿ ಬಂದು ಛತ್ರಿ ಹಿಡಿದಳು. ಬಿಸಿಲು ತಾಗಿತೇನೋ ಎಂದು ಮರಿಲಿಂಗ ಬೀಸಣಿಗೆ ತಂದ. ನಾವು ಅತ್ತರೆ ನಾಟಕ ಮಾಡ್ತಾವ ಅನ್ನುತ್ತಾರೆ, ಅವಳು ಅತ್ತರೆ ನೆರಳು ತರುತ್ತಾರೆ. ಅವಳ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಅವಳು ಕೆಟ್ಟವಳಲ್ಲ, ಅದನ್ನೂ ಹೇಳಬೇಕು. ತನ್ನ ದೇಶದಲ್ಲೂ ಕರಿಯರಿಗೆ ತೆರೆಯದ ಬಾಗಿಲು ತನಗೆ ತೆರೆಯುತ್ತಿತ್ತು, ತಾನು ನಯವಾಗಿ ಮಾತಾಡುವುದಕ್ಕೆ ತೆರೆಯುತ್ತದೆ ಅಂದುಕೊಂಡಿದ್ದೆ ಎಂದಳು. ನಲವತ್ತೆಂಟು ವರ್ಷ ಹಾಗೇ ಅಂದುಕೊಂಡಿದ್ದಳಂತೆ. ನನಗೆ ಅದು ಆರು ವರ್ಷಕ್ಕೇ ತಿಳಿದಿತ್ತು.

ಮೂಗು ಒರೆಸಿಕೊಂಡು ಎದ್ದು ಅವ್ವನ ಕೈ ಹಿಡಿದಳು. ಈ ತಾಯಿಯನ್ನು ನಾನು ಒಳಗೆ ಕರೆದುಕೊಂಡು ಹೋಗುತ್ತೇನೆ, ನಿಮ್ಮ ಅಡ್ಡಿ ಇದೆಯೇ ಎಂದು ಗೌಡನನ್ನು ಕೇಳು ಎಂದಳು. ಕೇಳಿದೆ.

ಗೌಡ ಅವಳ ಕಡೆ ತಿರುಗಿ ಹಲ್ಲು ಕಿರಿದ.

“ಯಾರ್ ಬ್ಯಾಡ ಅಂದಾರ? ಕಾಯ್ದೆ ಅದ ಈಗ. ಅವ್ರೇ ಬರಂಗಿಲ್ಲ, ಅವ್ರ ಪದ್ಧತಿ ಅದು. ಹಂಗಂತ ಹೇಳು.” ನಗು ಹಾಗೇ ಇತ್ತು, ದನಿ ಮಾತ್ರ ಇಳಿಯಿತು. “ನೆಟ್ಟಗ ಹೇಳು ಮತ್ತ. ಸಂಜಿಗಿ ಆಕಿ ಕಾರು ಯಾದಗಿರಿ ದಾರಿ ಹಿಡೀತದ. ನೀವು ಇಲ್ಲೇ ಸಾಯ್ಬೇಕು.”

ನಾನು ನೆಟ್ಟಗೇ ಹೇಳಿದೆ, ಕೊನೆಯ ಮಾತನ್ನೂ ಸೇರಿಸಿ. ಮಾರ್ಗಿಟ್ ಅವ್ವನ ಕೈ ಇನ್ನೂ ಬಿಗಿ ಹಿಡಿದಳು. ನನ್ನ ಜೊತೆ ಬಂದರೆ ಯಾರೂ ಏನೂ ಅನ್ನುವುದಿಲ್ಲ ಎಂದಳು. ಅದು ನಿಜವಾಗಿತ್ತು, ಅದಕ್ಕೇ ನುಂಗಲಾಗಲಿಲ್ಲ.

ಅವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು.

“ಬಿಡವ್ವ ತಾಯಿ. ನೀ ಒಯ್ದ್ರ, ಬಿಳೇಕಿ ಹಿಂದ ಬಂದಿದ್ಲು ಅಂತಾರ. ಗೌಡ್ರು ಬ್ಯಾಡ ಅಂದಿಲ್ಲಂತಲ್ಲ. ನಂಗ ಕಾಲು ಅವ.”

ಇದನ್ನು ಇಂಗ್ಲಿಷಿಗೆ ತರಲು ನಾನು ಹೋಗಲಿಲ್ಲ. ಅಷ್ಟರಲ್ಲಿ ಅವ್ವ ಮೆಟ್ಟಿಲು ಹತ್ತುತ್ತಿದ್ದಳು. ಮೂರನೆಯದು, ನಾಲ್ಕನೆಯದು. ಮರಿಲಿಂಗ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. ಅವ್ವ ನಿಲ್ಲಲಿಲ್ಲ, ನೂಕಲೂ ಇಲ್ಲ, ಸುಮ್ಮನೆ ನಡೆದಳು. ತಡೆಯಬೇಕೆಂದರೆ ಮುಟ್ಟಬೇಕು. ಅವನಿಗೆ ಅದೊಂದು ಆಗಲಿಲ್ಲ. ಅವಳ ಸೆರಗು ಒಂದು ಗೇಣು ದೂರವಿರುವಾಗ ಮೈ ಹಿಡಿ ಮಾಡಿಕೊಂಡು ಗೋಡೆಗೆ ಸರಿದ. ತಲತಲಾಂತರ ನಮ್ಮನ್ನು ಹೊರಗಿಟ್ಟದ್ದೇ ಅವ್ವನಿಗೆ ದಾರಿ ಬಿಟ್ಟಿತು.

ಮಾರ್ಗಿಟ್ ಕ್ಯಾಮೆರಾ ಎತ್ತಿದಳು. ನಾನು ಅದಕ್ಕೆ ಕೈ ಅಡ್ಡ ಹಿಡಿದೆ.

ಒಳಗೆ ತಗಡು ಕಿತ್ತ ಸದ್ದಾಯಿತು. ಅವ್ವ ಮಾತಾಡುತ್ತಿದ್ದಳು. ನನ್ನ ಜೊತೆಯಲ್ಲ, ಆ ಕಲ್ಲಿನ ಹೆಣ್ಣಿನ ಜೊತೆ. ಮಗಳ ಜ್ವರ ನೋಡುವ ದನಿ ಅದು. ಗೌಡನ ನಗು ಈಗ ತುಟಿಯಲ್ಲಷ್ಟೇ ಉಳಿದಿತ್ತು. ಮರಿಲಿಂಗನಿಗೆ ಬಾಗಿಲು ಎಳೆಯಲು ಕಣ್ಸನ್ನೆ ಮಾಡಿದ.

ನನಗೆ ಮೊದಲ ಸಲ ಅವ್ವನ ಮೇಲೆ ಹೊಟ್ಟೆಕಿಚ್ಚು ಬಂತು. ಅಕ್ಷರ ಬಾರದವಳು, ಒಂದೇ ಕಣ್ಣಿನವಳು, ಯಾರನ್ನೂ ಕೇಳದೆ ಹೋಗಿದ್ದಳು. ನಾನು ಇನ್ನೊಬ್ಬರ ಚೀಲ ಹೊತ್ತು, ಇನ್ನೊಬ್ಬರ ಮಾತು ಹೊತ್ತು, ಅಲ್ಲೇ ನಿಂತಿದ್ದೆ.

ಚೀಲ ಕೆಳಗಿಟ್ಟು ನಾಲ್ಕನೇ ಮೆಟ್ಟಿಲಿಗೆ ಕಾಲಿಟ್ಟೆ.

“ಇಳೀ, ಹೊಲೇರ ಸೂಳಿ” ಎಂದ ಗೌಡ. ಈ ಸಲ ನಗಲಿಲ್ಲ.

ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ಭುಜ ತೂರಿಸಿ ಒಳಗೆ ಬಿದ್ದೆ. ಹಿಂದೆಯೇ ಹೊರಗಿನಿಂದ ಚಿಲಕ ಬಿತ್ತು. ಊರು ಕೂಡಿಸಿರೋ ಎಂದು ಗೌಡ ಕೂಗಿದ್ದು ಕೇಳಿತು. ಏನಾಯಿತು, ಏನಾಯಿತು ಎಂದು ಮಾರ್ಗಿಟ್ ತನ್ನ ಭಾಷೆಯಲ್ಲಿ ಕೇಳುತ್ತಲೇ ಇದ್ದಳು. ಅವಳಿಗೆ ಹೇಳುವವರು ಹೊರಗೆ ಯಾರೂ ಉಳಿದಿರಲಿಲ್ಲ.

ಅವ್ವ ಕತ್ತಲಲ್ಲೇ ನನ್ನ ಕೈ ಹುಡುಕಿ ಎಳೆದು ಆ ಒಡೆದ ಕಲ್ಲಿನ ಮೇಲಿಟ್ಟಳು.

“ಕಣ್ಣಿಗಿ ಕಾಣವಲ್ದು” ಎಂದಳು. “ನೀ ಮುಟ್ಟಿ ಹೇಳು, ಎಷ್ಟು ಒಡದದ.”