ಮಂಜಿನಲ್ಲಿ ನಲವತ್ಮೂರು ಜನ

ನಮ್ಮ ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದರು. ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಅದಕ್ಕೆ ಕಿಟಕಿಯೇ ಇರಲಿಲ್ಲ. ಬೆಳಗ್ಗೆ ಆರಕ್ಕೆ ಇಳಿದರೆ ಮಧ್ಯಾಹ್ನ ಮೂರಕ್ಕೇ ಮೇಲೆ ಬರುತ್ತಿದ್ದದ್ದು. ರೋಗಿಗಳ ಹಾಸಿಗೆ ಬಟ್ಟೆಗಳನ್ನು ಕುದಿಸಿ, ಹಿಂಡಿ, ಒಣಗಿಸಿ, ಮಡಿಸಿ ಅವರ ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚು ಕೊಡಲು ಹೋದರೆ ಯಂತ್ರ ಇವರನ್ನು ಗುರುತೇ ಹಿಡಿಯುತ್ತಿರಲಿಲ್ಲ.

ನಿವೃತ್ತಿಯಾಗಿ ಎರಡು ವಾರವಾಗಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದರು: "ನಾನು ಬೆಟ್ಟದ ಗುಡಿಗೆ ನಡ್ಕೊಂಡು ಹೋಗ್ತೀನಿ."

ನನ್ನ ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬೆಟ್ಟದ ಗುಡಿ ಎಂದರೆ ನೂರ ತೊಂಬತ್ತು ಕಿಲೋಮೀಟರು. ಒಂಬತ್ತು ದಿನದ ಕಾಲುದಾರಿ. ಸಾವಿರಾರು ವರ್ಷಗಳಿಂದ ಜನ ನಡೆದ ದಾರಿ ಅನ್ನುತ್ತಾರೆ. ಉದ್ದಕ್ಕೂ ನೆಟ್ಟ ಕಲ್ಲುಗಳ ಮೇಲೆ ಬಿಳಿ ಚುಕ್ಕೆ ಬಳಿದಿರುತ್ತಾರೆ.

"ಬಸ್ಸು ಹೋಗುತ್ತಲ್ಲಮ್ಮಾ," ಅಂದಳು ನನ್ನವಳು.

"ಬಸ್ಸಲ್ಲಿ ಹೋದ್ರೆ ಬಸ್ಸು ಹೋದಂಗಾಯ್ತು."

"ಹರಕೆ ಏನಾದ್ರೂ ಇದೆಯಾ?"

"ಏನೂ ಇಲ್ಲ. ಮೂವತ್ನಾಲ್ಕು ವರ್ಷ ಒಂದೇ ಕೋಣೇಲಿ ನಿಂತೆ. ಇನ್ನು ನಡೀಬೇಕು ಅನ್ನಿಸ್ತು, ಅಷ್ಟೇ."

ಒಬ್ಬರನ್ನೇ ಹೇಗೆ ಕಳಿಸುವುದು? ನನ್ನವಳು ಕನ್ನಡಕದ ಅಂಗಡಿಗೆ ರಜೆ ಹಾಕಿದಳು. ಅವಳ ಹಿಂದೆ ನಾನೂ ಹೊರಟೆ. ನನ್ನದು ಲಿಫ್ಟ್ ರಿಪೇರಿ ಕೆಲಸ. ಹತ್ತಾರು ಮಹಡಿ ಏರಿಳಿಯುವುದು ನನಗೆ ದಿನದ ಪಾಡು, ಆದರೆ ಕಾಲಿನಿಂದಲ್ಲ. ನಾಲ್ಕನೆಯವರು ಅತ್ತೆಯ ತಮ್ಮ. ಅವರಿಗೆ ಕ್ಷೌರದ ಅಂಗಡಿ ಇದೆ, ಇಡೀ ಬೀದಿಗೆ ಅವರು ಕತ್ತರಿ ಮಾವ. ಕೈಗಿಂತ ಬಾಯಿ ಜಾಸ್ತಿ ಓಡುತ್ತದೆ ಎಂಬ ಕಾರಣಕ್ಕೆ ಕೆಲವರು ಅಲ್ಲಿಗೆ ಹೋಗುತ್ತಾರೆ, ಕೆಲವರು ಹೋಗುವುದಿಲ್ಲ.

ಹೊಸ ಬೂಟು ಕೊಂಡಿದ್ದೆ. ಎರಡನೆಯ ದಿನವೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಅತ್ತೆ ಲಾಂಡ್ರಿಗೆ ಹಾಕಿಕೊಳ್ಳುತ್ತಿದ್ದ ಹಳೇ ರಬ್ಬರ್ ಅಡಿಯ ಬೂಟಿನಲ್ಲೇ ಬಂದಿದ್ದರು. ಒಂದೇ ಸಮನೆ, ಗಡಿಬಿಡಿಯಿಲ್ಲದೆ, ಕೋಲು ಊರಿಕೊಂಡು ನಡೆಯುತ್ತಿದ್ದರು. ನಾನು ಕುಂಟುವುದನ್ನು ನೋಡಿ, "ಅಳಿಯಂದ್ರೇ, ಬಟನ್ ಒತ್ತಿದ್ರೆ ಈ ಬೆಟ್ಟ ಕೆಳಗೆ ಬರಲ್ಲ," ಅಂದರು. ಕತ್ತರಿ ಮಾವ ಆ ಮಾತನ್ನು ಮುಂದಿನ ಮೂರು ತಂಗುಮನೆಗಳಲ್ಲಿ ಎಲ್ಲರಿಗೂ ಹೇಳಿದರು.

ತಂಗುಮನೆಗಳೆಂದರೆ ಉದ್ದನೆಯ ಒಂದೇ ಕೋಣೆ, ಸಾಲಾಗಿ ಮಂಚಗಳು, ಕಿಟಕಿಗೆಲ್ಲ ನೇತು ಹಾಕಿದ ಒದ್ದೆ ಕಾಲುಚೀಲಗಳ ವಾಸನೆ. ಬೆಳಗ್ಗೆ ಹೊರಡುವ ಮುಂಚೆ ಅತ್ತೆ ನಮ್ಮ ಕಂಬಳಿ ಮಡಿಸುತ್ತಿದ್ದರು. ಆಮೇಲೆ ಪಕ್ಕದವರದ್ದು, ಅದರಾಚೆಯವರದ್ದು. ಅಂಚಿಗೆ ಅಂಚು ಕೂಡಿಸಿ, ಒಂದು ಸಲ ಝಾಡಿಸಿ, ಮೂರೇ ಮಡಿಕೆಯಲ್ಲಿ ಮುಗಿಸುತ್ತಿದ್ದರು. "ಅಮ್ಮಾ, ನೀನು ರಿಟೈರ್ ಆಗಿದೀಯ," ಎಂದು ಮಗಳು ರೇಗಿದರೆ, "ನಾನಾಗಿದೀನಿ, ಕೈ ಆಗಿಲ್ಲ," ಅನ್ನುತ್ತಿದ್ದರು. ಅವರೊಬ್ಬ ಒಳ್ಳೆಯ, ಗಟ್ಟಿ ಮುದುಕಿ ಎಂದಷ್ಟೇ ಅಲ್ಲಿಯವರೆಗೆ ನಾನು ತಿಳಿದಿದ್ದೆ.

ಆರನೆಯ ದಿನ ದಾರಿ ಬೆಟ್ಟದ ಬೆನ್ನು ಏರಿತು. ಮರಗಳು ಮುಗಿದು ಬರೀ ಹುಲ್ಲು, ಬಂಡೆ. ಬೆಳಗ್ಗೆ ಹತ್ತರ ಹೊತ್ತಿಗೆ ಮಂಜು ಬಂತು. ಎಲ್ಲಿಂದಲೋ ತೇಲಿ ಬಂದದ್ದಲ್ಲ, ನಿಂತಲ್ಲೇ ಹುಟ್ಟಿದ ಹಾಗೆ ಬಂತು. ಮುಂದಿದ್ದ ನನ್ನ ಹೆಂಡತಿಯ ಕೆಂಪು ಚೀಲ ಮೊದಲು ಗುಲಾಬಿಯಾಯಿತು, ಆಮೇಲೆ ಬಿಳಿಯಾಯಿತು, ಆಮೇಲೆ ಇಲ್ಲವಾಯಿತು. ನನ್ನ ಕೈ ಚಾಚಿದರೆ ಬೆರಳು ನನಗೇ ಕಾಣುತ್ತಿರಲಿಲ್ಲ.

"ನಿಲ್ಲಿ," ಅಂದಿತು ಅತ್ತೆಯ ದನಿ. "ಯಾರೂ ಒಂದು ಹೆಜ್ಜೆ ಇಡಬೇಡಿ. ಅಳಿಯಂದ್ರೇ, ನೀವೆಲ್ಲಿದ್ದೀರಿ?"

"ಚುಕ್ಕೆ ಕಲ್ಲಿನ ಹತ್ರ ಅತ್ತೆ. ಒರಗಿಕೊಂಡಿದೀನಿ."

"ಅದನ್ನ ಬಿಡಬೇಡಿ. ಭೂಮಿ ಬಾಯಿ ಬಿಟ್ರೂ ಬಿಡಬೇಡಿ."

ಅವರ ದನಿಯಲ್ಲಿ ನಾನು ಎಂದೂ ಕೇಳದ ಒಂದು ಅಧಿಕಾರವಿತ್ತು. ಮಾತಾಡುತ್ತಾ ಮಾತಾಡಿಸುತ್ತಾ ನಮ್ಮ ನಾಲ್ವರನ್ನೂ ಕಲ್ಲಿನ ಬಳಿ ಸೇರಿಸಿದರು. ಮಂಜು ಕರಗುವವರೆಗೆ ಅಲ್ಲೇ ಕೂರೋಣವೆಂದು ನಾನಂದೆ. ಆದರೆ ಚಳಿ ಮೂಳೆಗೆ ಇಳಿಯುತ್ತಿತ್ತು, ಬಟ್ಟೆಯೆಲ್ಲ ತೊಯ್ದು ತೊಟ್ಟಿಕ್ಕುತ್ತಿತ್ತು. ಮುಂದೆ ಎಲ್ಲೋ ಒಂದು ಹೆಣ್ಣು ದನಿ "ಅಪ್ಪಾ, ಅಪ್ಪಾ" ಎಂದು ಕೂಗುತ್ತಿತ್ತು. ಆ ಕೂಗು ಒಂದು ಸಲ ಬಲದಿಂದ ಬಂದರೆ ಇನ್ನೊಂದು ಸಲ ಎಡದಿಂದ.

"ಕೂತ್ರೆ ಆಗಲ್ಲ," ಅಂದರು ಅತ್ತೆ. "ಕಲ್ಲಿಂದ ಕಲ್ಲಿಗೆ ಎಷ್ಟು ದೂರ?"

"ನಲವತ್ತು ಹೆಜ್ಜೆ. ದಾರಿಯುದ್ದಕ್ಕೂ ಎಣಿಸ್ಕೊಂಡು ಬಂದಿದೀನಿ," ಎಂದಳು ನನ್ನವಳು.

"ನಾವು ನಾಲ್ಕು ಜನ ಕೈ ಹಿಡಿದು ಚಾಚಿದ್ರೆ ಹತ್ತು ಹೆಜ್ಜೆನೂ ಆಗಲ್ಲ. ಜನ ಬೇಕು. ತಮ್ಮಾ, ಎಲ್ಲಿ, ನಿನ್ನ ಗಂಟಲು ತೆಗಿ."

ಕತ್ತರಿ ಮಾವ ಕೂಗಲು ಶುರುಮಾಡಿದರು. ಅಯ್ಯಾ ಬನ್ನಿ, ಅಮ್ಮಾ ಬನ್ನಿ, ಇಲ್ಲಿ ಗಟ್ಟಿ ಕಲ್ಲಿದೆ, ದನಿ ಹಿಡ್ಕೊಂಡು ಮೆಲ್ಲಗೆ ಬನ್ನಿ, ಬಂದವರಿಗೆ ಮುಂದಿನ ಸಲ ಕಟಿಂಗು ಪುಕ್ಕಟೆ. ಹಿಂದಿನಿಂದ ದಾರಿ ಹಿಡಿದು ಬರುತ್ತಿದ್ದವರು ಒಬ್ಬೊಬ್ಬರಾಗಿ ಬಂದು ನಮಗೆ ಡಿಕ್ಕಿ ಹೊಡೆದರು. ಯಾವುದೋ ಶಾಲೆಯ ಶಿಕ್ಷಕಿಯರ ಗುಂಪು, ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಬಡಗಿಯೊಬ್ಬ, ಅವನ ತಾಯಿ. ಮುಖ ಯಾರದ್ದೂ ಕಾಣಲಿಲ್ಲ. ದನಿಗಳಷ್ಟೇ.

ಅತ್ತೆ ಎಲ್ಲರಿಗೂ ಹೇಳಿಕೊಟ್ಟರು. ಸಾಲಿನ ಕೊನೆಯಲ್ಲಿ ನಾನು, ಕಲ್ಲನ್ನು ಬಿಡುವಂತಿಲ್ಲ. ನನ್ನಿಂದ ಮುಂದಕ್ಕೆ ಒಬ್ಬರನ್ನೊಬ್ಬರು ಹಿಡಿದು ಸಾಲು ಚಾಚಬೇಕು. ತುದಿಯಲ್ಲಿ ಅವರು, ಕೋಲಿನಿಂದ ತಡಕುತ್ತಾ. ಮುಂದಿನ ಕಲ್ಲು ಸಿಕ್ಕರೆ ಸುದ್ದಿ ಬಾಯಿಂದ ಬಾಯಿಗೆ ಹಿಂದಕ್ಕೆ ಬರಬೇಕು. ಆಗ ಮಾತ್ರ ನಾನು ನನ್ನ ಕಲ್ಲನ್ನು ಬಿಟ್ಟು ಎಲ್ಲರೊಂದಿಗೆ ಅಲ್ಲಿಗೆ ಹೋಗಿ ಆ ಕಲ್ಲನ್ನು ಹಿಡಿಯಬೇಕು.

"ಇನ್ನೊಂದು ಮಾತು," ಅಂದರು. "ಬೆರಳು ಹಿಡೀಬೇಡಿ. ಮುಂಗೈ ಹಿಡೀರಿ. ನೀವು ಅವರದ್ದು, ಅವರು ನಿಮ್ಮದು. ಒಬ್ಬರು ಬಿಟ್ರೂ ಇನ್ನೊಬ್ಬರ ಹಿಡಿತ ಇರಬೇಕು."

ಸಾಲು ಹೊರಟಿತು. ನನ್ನ ಮುಂಗೈ ಹಿಡಿದವನು ಬಡಗಿ, ಅವನ ಅಂಗೈ ಮರದ ಹಾಗೇ ಒರಟು. ತೋಳು ಪೂರ್ತಿ ಚಾಚಿ, ಇನ್ನೊಂದು ಕೈಯಲ್ಲಿ ಕಲ್ಲನ್ನು ತಬ್ಬಿ ನಿಂತೆ. ಎಷ್ಟೋ ಹೊತ್ತು ಏನೂ ಇಲ್ಲ. ಸಾಲು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ. ಆಮೇಲೆ ದೂರದಲ್ಲಿ "ಕಲ್ಲು" ಎಂಬ ಒಂದು ಪಿಸುಮಾತು. ಅದು ಹತ್ತಿರ ಬಂತು. ಕಲ್ಲು, ಕಲ್ಲು, ಕಲ್ಲು. ಕಡೆಗೆ ಬಡಗಿ ನನ್ನ ಕಿವಿಯ ಬಳಿಯೇ "ಕಲ್ಲು ಸಿಕ್ತು ಸಾರ್" ಅಂದ.

ಹೀಗೆ ಒಂದು, ಎರಡು, ಐದು. ಪ್ರತಿ ಕಲ್ಲಿನ ಬಳಿಯೂ ಅತ್ತೆ ಎಲ್ಲರಿಂದ ಸಂಖ್ಯೆ ಕೂಗಿಸುತ್ತಿದ್ದರು. ಹತ್ತೊಂಬತ್ತಿದ್ದವರು ಇಪ್ಪತ್ತಾರಾದರು, ಮೂವತ್ತೆರಡಾದರು. ಆರನೆಯ ಕಲ್ಲಿನ ಬಳಿ, ಅಪ್ಪನನ್ನು ಕೂಗುತ್ತಿದ್ದ ಹೆಂಗಸು ಸಿಕ್ಕಳು. ಅವಳ ತಂದೆ ಎಡಕ್ಕೆ, ದಾರಿಯಿಂದಾಚೆ ಹೋಗಿದ್ದ. ಅವನ ಕೆಮ್ಮು ಮಾತ್ರ ಕೇಳುತ್ತಿತ್ತು. ಅತ್ತೆ ಇಡೀ ಸಾಲನ್ನು ಬಾಗಿಲಿನ ಹಾಗೆ ಎಡಕ್ಕೆ ತಿರುಗಿಸಿದರು. ನನ್ನ ಭುಜದ ಕೀಲು ಕಳಚಿತೇನೋ ಅನ್ನಿಸಿತು.

"ಅಜ್ಜಾ, ನಿಂತಿದ್ದೀರಾ, ಕೂತಿದ್ದೀರಾ?" ಅತ್ತೆಯ ದನಿ ಕೇಳಿತು.

"ಕೂತಿದೀನಿ ತಾಯಿ."

"ಕೂತೇ ಇರಿ. ಬರೀ ಕೈ ಎತ್ತಿ, ನಾನು ಬರ್ತೀನಿ."

ಸ್ವಲ್ಪ ಹೊತ್ತಾದ ಮೇಲೆ ಸಂಖ್ಯೆಗೆ ಒಂದು ಮುದಿ ದನಿ ಸೇರಿತು. ಕತ್ತರಿ ಮಾವನ ಗಂಟಲು ಬಿದ್ದುಹೋಗಿತ್ತು, ಆದರೂ ಬಾಯಿ ನಿಂತಿರಲಿಲ್ಲ.

ಹದಿನೇಳನೆಯ ಕಲ್ಲಿನ ಬಳಿ ಕೆಳಗಿನಿಂದ ಗಾಳಿ ಬಂತು. ಸಾಲು ಆಗಷ್ಟೇ ಪೂರ್ತಿ ಚಾಚಿತ್ತು. ಮೊದಲು ನನ್ನ ಬೂಟು ಕಂಡಿತು. ಆಮೇಲೆ ಬಡಗಿಯ ಮುಖ. ಇಷ್ಟು ಹೊತ್ತು ನಡುವಯಸ್ಸಿನವನೆಂದು ತಿಳಿದಿದ್ದೆ, ಅವನ ಮೀಸೆ ನೆರೆತು ಬೆಳ್ಳಗಾಗಿತ್ತು. ಆಮೇಲೆ ಅವನ ತಾಯಿ, ಅವಳಾಚೆಯ ಶಿಕ್ಷಕಿ. ಒಬ್ಬೊಬ್ಬರೇ, ಯಾರೋ ಆಗತಾನೆ ಸೃಷ್ಟಿ ಮಾಡುತ್ತಿರುವ ಹಾಗೆ, ಬಿಳಿಯೊಳಗಿಂದ ಮೂಡಿ ಬಂದರು. ನಲವತ್ಮೂರು ಜನ ಬೆಟ್ಟದ ಬೆನ್ನಿನ ಮೇಲೆ ಉದ್ದಕ್ಕೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದೆವು. ಎಲ್ಲರಿಗಿಂತ ಮುಂದೆ, ಕೋಲು ಚಾಚಿಕೊಂಡು, ನನ್ನ ಗಿಡ್ಡ ಅತ್ತೆ.

ಎಡಕ್ಕೆ ನಾಲ್ಕು ಹೆಜ್ಜೆಯಾಚೆ ನೆಲ ಇರಲಿಲ್ಲ.

ನಾನು ಇಳಿದಿರುವ ಅತಿ ಆಳದ ಲಿಫ್ಟ್ ಗುಂಡಿ ಇಪ್ಪತ್ತಾರು ಮಹಡಿಯದ್ದು. ಇದರ ತಳ ಎಲ್ಲಿದೆಯೆಂದು ಕಣ್ಣಿಗೆ ಹತ್ತಲೇ ಇಲ್ಲ. ಮೊದಲು ಕಂಡದ್ದು ಒಂದು ಹದ್ದಿನ ಬೆನ್ನು. ಹದ್ದಿನ ಬೆನ್ನು ಕಂದು, ಅಂಚಿನಲ್ಲಿ ಹೊಂಬಣ್ಣ ಇರುತ್ತದೆ ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಅದರ ಕೆಳಗೆ ನಮ್ಮ ಮೇಲಿಂದ ಇಳಿದುಹೋದ ಮಂಜು ಇಡೀ ಕಣಿವೆ ತುಂಬಿ ಬಿಸಿಲಿಗೆ ಹೊಳೆಯುತ್ತಾ ಮಲಗಿತ್ತು. ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಅದೆಲ್ಲದರಾಚೆ, ಆಕಾಶದ ಅಂಚು ಅಂದುಕೊಂಡದ್ದು ನೋಡನೋಡುತ್ತಾ ಮಿನುಗತೊಡಗಿತು. ಅದು ಸಮುದ್ರ.

ಯಾರೂ ಕೈ ಬಿಡಲಿಲ್ಲ. ಬಿಡಬಹುದು ಎಂದು ತೋಚಲೇ ಇಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ.

ಕಡೆಗೆ ಅತ್ತೆಯೇ ತಿರುಗಿ, "ಇನ್ನು ಕಾಣ್ಸುತ್ತಲ್ಲ, ಬಿಡಿ, ನೋವಾಗಲ್ವೇ?" ಅಂದರು.

ಹಿಂದೆ ಬಂದ ದಾರಿಯನ್ನು ನೋಡಿದೆ. ಒದ್ದೆ ಮಣ್ಣಿನಲ್ಲಿ ಕೋಲೂರಿದ ತೂತುಗಳ ಸಾಲು ಪ್ರಪಾತದ ಅಂಚಿನಲ್ಲೇ ಬಂದಿತ್ತು. ಕೆಲವು ತೂತುಗಳು ಅರ್ಧ ಮಾತ್ರ ಇದ್ದವು.

"ಅತ್ತೆ, ನಿಮಗೆ ಗೊತ್ತಿತ್ತಾ?"

"ಕೋಲು ಎರಡು ಸಲ ಖಾಲಿಗೆ ಹೋಯ್ತು. ಹೇಳಿದ್ರೆ ನೀವೆಲ್ಲ ಹೆದರ್ತಿದ್ರಿ."

ಬಂಡೆಯ ಮೇಲೆ ಕೂತು ಬಟ್ಟೆ ಹಿಂಡಿಕೊಳ್ಳುವಾಗ ನನ್ನವಳು ಕೇಳಿದಳು: "ಇದನ್ನೆಲ್ಲ ಎಲ್ಲಿ ಕಲಿತೆಯಮ್ಮಾ?"

ಅತ್ತೆ ಕಾಲುಚೀಲವನ್ನು ಎರಡು ಸಲ ಹಿಂಡಿದರು. "ಲಾಂಡ್ರೀಲಿ ಒಂದು ಸಲ ಬಾಯ್ಲರಿನ ಪೈಪು ಒಡೀತು. ಕೋಣೆ ತುಂಬ ಹಬೆ. ಹೀಗೇ, ಬಿಳೀ. ಹತ್ತೊಂಬತ್ತು ಜನ ಇದ್ವಿ. ಗೋಡೆಯ ನಲ್ಲಿ ಹಿಡ್ಕೊಂಡು ಒಬ್ಬಳು ನಿಂತಳು, ಅವಳಿಂದ ಕೈ ಕೈ ಹಿಡ್ಕೊಂಡು ಬಾಗಿಲು ಹುಡುಕಿದ್ವಿ."

"ಎಲ್ಲರೂ ಬಂದ್ರಾ?"

"ಹದಿನೆಂಟು ಜನ ಬಂದ್ವಿ." ಕಾಲುಚೀಲವನ್ನು ಬಂಡೆಯ ಮೇಲೆ ಹರವಿದರು. "ನನ್ನ ಪಕ್ಕದವಳ ಕೈ ಸುಟ್ಟಿತ್ತು. ನಾನು ಬೆರಳು ಹಿಡ್ಕೊಂಡಿದ್ದೆ. ಜಾರ್ತು. ಮುಂಗೈ ಹಿಡೀಬೇಕಿತ್ತು. ಆವತ್ತು ಹೊಳೀಲಿಲ್ಲ."

ನನ್ನವಳು ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಯಾವಾಗ ಇದು? ನಮಗೆ ಹೇಳ್ಲೇ ಇಲ್ವಲ್ಲ!"

"ನಿನಗೆ ಮಾರನೇ ದಿನ ಪರೀಕ್ಷೆ ಇತ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅನ್ನೋದು ಹಂಗೇ ಹೋಯ್ತು."

ಕತ್ತರಿ ಮಾವ ಎದ್ದು ಬಂದು ಅಕ್ಕನ ಪಕ್ಕದಲ್ಲಿ ಕೂತರು. ಅವರಿಗೂ ಗೊತ್ತಿರಲಿಲ್ಲ. ಒಣಗಿದ ಒಂದು ಟವೆಲ್ಲನ್ನು ಹುಡುಕಿ ತೆಗೆದು ಅಕ್ಕನ ಒದ್ದೆ ತಲೆಯನ್ನು ಒರೆಸತೊಡಗಿದರು. ಅತ್ತೆ ಬೇಡವೆನ್ನಲಿಲ್ಲ.

ಆಮೇಲಿನ ಮೂರು ದಿನ ಆ ನಲವತ್ಮೂರು ಜನ ಹೆಚ್ಚುಕಮ್ಮಿ ಒಟ್ಟಿಗೇ ನಡೆದೆವು. ಅಜ್ಜನ ಚೀಲವನ್ನು ಬಡಗಿ ಹೊತ್ತ. ತಂಗುಮನೆಯಲ್ಲಿ ಬೆಳಗ್ಗೆ ಅತ್ತೆ ಏಳುವ ಮುಂಚೆಯೇ ಶಿಕ್ಷಕಿಯರು ಎಲ್ಲ ಕಂಬಳಿಗಳನ್ನೂ ಮಡಿಸಿ ಇಟ್ಟಿದ್ದರು. ಅತ್ತೆ ಎದ್ದು ನೋಡಿ, ಅಂಚು ಕೂಡಿಲ್ಲವೆಂದು ಅಷ್ಟನ್ನೂ ಬಿಚ್ಚಿ ಮತ್ತೆ ಮಡಿಸಿದರು.

ಒಂಬತ್ತನೆಯ ದಿನ ಮಧ್ಯಾಹ್ನ ಗುಡಿ ಕಂಡಿತು. ನನಗೆ ಮೊದಲು ಪೆಚ್ಚೆನ್ನಿಸಿತು. ಗೋಪುರವಿಲ್ಲ, ಕೆತ್ತನೆಯಿಲ್ಲ, ನಮ್ಮ ಅಡುಗೆಮನೆಯಷ್ಟೇ ದೊಡ್ಡದು. ಅತ್ತೆ ಮೊದಲು ಹೋಗಲಿ ಎಂದು ಎಲ್ಲರೂ ಪಕ್ಕಕ್ಕೆ ಸರಿದರು. ಅವರು, "ಸಾಲು ಸಾಲೇ," ಎಂದು ಅಜ್ಜನ ಹಿಂದೆ ನಿಂತರು. ತಮ್ಮ ಸರದಿ ಬಂದಾಗ ಒಳಗೆ ಹೋದರು, ಒಂದು ನಿಮಿಷವೂ ಆಗಲಿಲ್ಲ, ಹೊರಬಂದರು. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ನಿರಾಳವಾಗಿತ್ತು. ಏನು ಕೇಳಿಕೊಂಡಿರೆಂದು ನಾವು ಕೇಳಲಿಲ್ಲ.

ನನ್ನ ಸರದಿ ಬಂತು. ಬೂಟು ಬಿಚ್ಚಿ ಬಾಗಿಲಿಗೆ ಬಂದೆ. ಒಳಗೆ ಕಣ್ಣು ಹಾಯಿಸುವ ಮೊದಲೇ ಹೊಸ್ತಿಲು ನನ್ನನ್ನು ತಡೆಯಿತು. ಕಪ್ಪು ಕಲ್ಲಿನ ಒಂದೇ ದಿಂಡು. ಎರಡು ತುದಿ ಮೊಣಕಾಲೆತ್ತರ, ನಡುವೆ ತಗ್ಗಿ ತಗ್ಗಿ ಗೇಣಿಗೂ ಹೆಚ್ಚು ಸವೆದು ತೊಟ್ಟಿಲಿನ ಹಾಗಾಗಿತ್ತು. ಸವೆತ ನೋಡುವುದು ನನ್ನ ಕಸುಬು. ಉಕ್ಕಿನ ಹಗ್ಗ ಎಷ್ಟು ವರ್ಷಕ್ಕೆ ಎಷ್ಟು ಸವೆಯುತ್ತದೆಂದು ಮುಟ್ಟಿ ಹೇಳಬಲ್ಲೆ. ಆದರೆ ಇದನ್ನು ಸವೆಸಿದ್ದು ಉಕ್ಕಲ್ಲ, ಬರಿಗಾಲು. ಬೊಬ್ಬೆ ಎದ್ದ ಕಾಲು, ಮುದಿ ಕಾಲು, ಯಾರನ್ನೋ ಕಳೆದುಕೊಂಡು ಬಂದವರ ಕಾಲು. ಎಷ್ಟು ಜನ, ಎಷ್ಟು ಕಾಲದಿಂದ ಎಂದು ಲೆಕ್ಕ ಹಾಕಲು ಹೋದೆ. ತಲೆ ಗಿರ್ರೆಂದಿತು.

"ಏನಪ್ಪಾ, ಕೆಟ್ಟು ನಿಂತ ಲಿಫ್ಟಿನ ಹಂಗೆ ಅಲ್ಲೇ ನಿಂತೆ?" ಹಿಂದಿನಿಂದ ಕತ್ತರಿ ಮಾವ ಒಡೆದ ದನಿಯಲ್ಲಿ ಅಂದರು.

ಬಲಗಾಲನ್ನು ಆ ತಗ್ಗಿನಲ್ಲಿ ಇಟ್ಟೆ. ಕಲ್ಲು ಬೆಚ್ಚಗಿತ್ತು. ನನ್ನ ಮುಂದೆ ಹೋದವರ ಬಿಸಿ ಇನ್ನೂ ಆರಿರಲಿಲ್ಲ.